ಪ್ಯೂರ್ ಜರಿ ಪಡೆಯ ಏಳುಬೀಳು

ಮನುಷ್ಯನಿಗೆ ಬೇರೆ ಏನಿಲ್ಲದಿದ್ದರೂ ಹೇಗೋ ನಡೆದುಹೋಗುತ್ತದೆ, ಒಂದಿಷ್ಟು ಅಧಿಕಾರ ಮಾತ್ರ ಬೇಕೇ ಬೇಕು. ತನ್ನ ಮಾತು ಕೇಳುವವರು ಯಾರಾದರೂ ಇರಲಿ ಎಂಬ ಆಸೆ ಎಲ್ಲರಲ್ಲೂ ಇರುತ್ತದೆ. ಕೆಲವರು ಅದಕ್ಕಾಗಿ ಚುನಾವಣೆಗೆ ನಿಲ್ಲುತ್ತಾರೆ, ಕೆಲವರು ನಾಯಿ ಸಾಕುತ್ತಾರೆ. ನನಗೆ ಎರಡಕ್ಕೂ ಧೈರ್ಯವಿರಲಿಲ್ಲ. ನಮ್ಮ ಮನೆಯಲ್ಲಿ ಫ್ಯಾನು ಎಷ್ಟು ಜೋರಾಗಿ ತಿರುಗಬೇಕು ಎನ್ನುವುದನ್ನು ಕೂಡ ನಾನು ತೀರ್ಮಾನಿಸಿದವನಲ್ಲ. ಬಚ್ಚಲಲ್ಲಿ ಜಿರಲೆ ಕಂಡರೆ ಹೆಂಡತಿಯನ್ನು ಕರೆಯುವ ಪೈಕಿ. ಇಂಥ ನಾನು ಒಂದು ಕಾಲದಲ್ಲಿ ಸೇನಾಧಿಪತಿಯಾಗಿದ್ದೆ ಎಂದರೆ ನೀವು ನಗುತ್ತೀರಿ. ನಗಬೇಡಿ. ಕುದುರೆ, ಬಿಲ್ಲುಗಾರರು, ಕೋಟೆ, ಕೋಟೆಯ ಹಿಂದೆ ಹೊಲಗದ್ದೆ, ಎಲ್ಲ ಇತ್ತು. ಇದ್ದದ್ದು ದೊಡ್ಡಬಳ್ಳಾಪುರದ ನಮ್ಮ ಮನೆಯ ಮುಂದಿನ ರೂಮಿನಲ್ಲಿ, ಒಂದು ಕಂಪ್ಯೂಟರಿನ ಒಳಗೆ, ಅಷ್ಟೆ.

ಹೋದ ಶತಮಾನ ಮುಗಿಯಲು ಇನ್ನೊಂದೆರಡು ವರ್ಷ ಇದ್ದ ಕಾಲ ಅದು. ನಾನು ಸೀರೆಯ ಅಂಚಿಗೂ ಸೆರಗಿಗೂ ಡಿಸೈನು ಬರೆಯುವವನು. ಗ್ರಾಫ್ ಕಾಗದದ ಮೇಲೆ ಒಂದೊಂದೇ ಚೌಕಕ್ಕೆ ಬಣ್ಣ ತುಂಬಿ, ಹೂವು, ಹಂಸ, ಮಾವಿನಕಾಯಿ ಮೂಡಿಸುವ ಕೆಲಸ. ಕಣ್ಣು ಮಂಜಾಗುತ್ತಿದೆ, ಇನ್ನು ಕಂಪ್ಯೂಟರಿನಲ್ಲೇ ಬರೆಯುತ್ತೇನೆ ಎಂದು ಹೇಳಿ ಹೆಂಡತಿ ಸುಮಿತ್ರಳನ್ನು ಒಪ್ಪಿಸಿ, ಬೆಂಗಳೂರಿನಿಂದ ಅದನ್ನು ತಂದೆ. ಮೊದಲ ದಿನವೇ ಒಂದು ಮಾವಿನಕಾಯಿ ಬರೆದೆ. ಪಕ್ಕದ ಮನೆಯ ರಂಗಣ್ಣ ಬಂದು ನೋಡಿದರು. ಅವರ ಮನೆ ಅರ್ಧ ಮನೆ, ಅರ್ಧ ಪವರ್‌ಲೂಮ್ ಶೆಡ್ಡು. "ಏನಪ್ಪಾ ಶಂಕ್ರ, ಸೆರಗಿನ ತುಂಬ ಬದನೇಕಾಯಿ ಬಿಟ್ಟಿದೀಯ?" ಎಂದರು. ಎರಡನೆಯ ದಿನ ನಾನು ಮತ್ತೆ ಗ್ರಾಫ್ ಕಾಗದಕ್ಕೇ ಹೋದೆ. ಆದರೆ ಮಾರಿದ ಪುಣ್ಯಾತ್ಮ ಆ ಯಂತ್ರದೊಳಗೆ ಒಂದು ಯುದ್ಧದ ಆಟವನ್ನೂ ತುಂಬಿಸಿ ಕಳಿಸಿದ್ದ. ಮೂರನೆಯ ದಿನದಿಂದ ನಾನು ರೂಮಿನಿಂದ ಹೊರಗೆ ಬರಲಿಲ್ಲ.

ಆಟ ಬಹಳ ಸರಳ. ಕೋಟೆ ಕಟ್ಟಬೇಕು, ಬೆಳೆ ಬೆಳೆಯಬೇಕು, ಸೈನಿಕರನ್ನು ಸಾಕಬೇಕು, ಎದುರಾಳಿಯ ಕೋಟೆ ಕೆಡವಬೇಕು. ಟೆಲಿಫೋನಿನ ತಂತಿ ಸಿಕ್ಕಿಸಿದರೆ ಮಾಡೆಮ್ಮು ಬೆಕ್ಕಿನ ಬಾಲ ತುಳಿದಂತೆ ಕಿರುಚಿ, ಎಲ್ಲೋ ಕೂತಿರುವ ಎದುರಾಳಿಯನ್ನು ಹಿಡಿದು ತಂದು ಮುಂದೆ ನಿಲ್ಲಿಸುತ್ತಿತ್ತು. ಒಬ್ಬನೇ ಆಡಿದಾಗ ನನ್ನ ಕೋಟೆ ಕಾಫಿ ಆರುವುದರೊಳಗೆ ಬಿದ್ದುಹೋಗುತ್ತಿತ್ತು. ಬದನೇಕಾಯಿ ನೋಡಲು ಬಂದಿದ್ದ ರಂಗಣ್ಣ ಒಂದು ಭಾನುವಾರ ನನ್ನ ಬೆನ್ನ ಹಿಂದೆ ನಿಂತವರು, "ಲೇ, ಮೂಲೇಲಿ ಎಳೆ ಕಡೀತು ನೋಡೋ!" ಎಂದು ಕೂಗಿದರು. ನೋಡಿದರೆ ಪರದೆಯ ಮೂಲೆಯಲ್ಲಿ ವೈರಿಯ ಗೂಢಚಾರ ನುಸುಳುತ್ತಿದ್ದ. ಒಟ್ಟಿಗೆ ನಾಲ್ಕು ಮಗ್ಗ ನೋಡಿಕೊಂಡು, ಯಾವುದರಲ್ಲಿ ಯಾವ ನೂಲು ಕಡಿಯಿತೆಂದು ನಿಂತಲ್ಲಿಂದಲೇ ಹೇಳುವ ಕಣ್ಣು ಅದು. ಆವತ್ತಿನಿಂದ ಕಾವಲು ರಂಗಣ್ಣನದಾಯಿತು. ಖಜಾನೆ, ಉಗ್ರಾಣ ನೋಡಿಕೊಳ್ಳಲು ಹಿಂದಿನ ಬೀದಿಯ ಜರಿ ಅಂಗಡಿಯ ಬಷೀರ್ ಬಂದ. "ಭಾಯ್, ಕುದುರೆ ಆಮೇಲೆ ತಗೋಳಣ, ಮೊದ್ಲು ಧಾನ್ಯ ತುಂಬ್ಸಿ. ಸ್ಟಾಕ್ ಇಲ್ದೆ ಯಾವ ಸುಲ್ತಾನನೂ ಉಳಿದಿಲ್ಲ" ಎಂಬುದು ಅವನ ಒಂದೇ ಯುದ್ಧನೀತಿ. ಮೌಸ್ ಹಿಡಿಯುವುದು ಮಾತ್ರ ನಾನು. ಹೀಗೆ ಒಂದು ಕಂಪ್ಯೂಟರಿಗೆ ಮೂವರು ಸೇರಿ ನಮ್ಮ ಪಡೆಯಾಯಿತು.

ಪಡೆಗೆ ಹೆಸರು ಬೇಕಲ್ಲ. ರಂಗಣ್ಣನಿಗೆ ಮನೆದೇವರ ಹೆಸರಿನಿಂದ ಶುರುವಾಗಬೇಕು. ದೇವರ ಹೆಸರಿಟ್ಟುಕೊಂಡು ಸೋತರೆ ಯಾರಿಗೆ ಅವಮಾನ ಎಂದು ನಾನು ಕೇಳಿದ್ದಕ್ಕೆ ಆ ಆಸೆ ಬಿಟ್ಟರು. ಕೊನೆಗೆ ಬಷೀರ್ ತನ್ನ ಅಂಗಡಿಯ ಬೋರ್ಡಿನಲ್ಲಿರುವುದನ್ನೇ ಟೈಪು ಮಾಡಿಬಿಟ್ಟ: ಪ್ಯೂರ್ ಜರಿ. ಇಂಟರ್ನೆಟ್ಟಿನಲ್ಲಿ ಬೇರೆಯವರೆಲ್ಲ ಡ್ರ್ಯಾಗನ್ನು, ಸಾವು, ರಕ್ತ ಎಂದು ಹೆಸರಿಟ್ಟುಕೊಂಡು ಮೆರೆಯುತ್ತಿದ್ದರು. ಅವರ ನಡುವೆ ನಮ್ಮ ಹೆಸರು ಕಂಡು ಮಲೇಷ್ಯಾದವನೊಬ್ಬ ಹಾಗೆಂದರೇನು ಎಂದು ಕೇಳಿದ. ಬಷೀರ್ ಯುದ್ಧ ಬಿಟ್ಟು ಅಸಲಿ ಜರಿಗೂ ನಕಲಿ ಜರಿಗೂ ಇರುವ ವ್ಯತ್ಯಾಸವನ್ನು ಅವನಿಗೆ ಟೈಪು ಮಾಡಿ ವಿವರಿಸತೊಡಗಿದ. ಆತ ಓದುತ್ತ ಕೂತಿದ್ದಾಗ ನಾನು ಅವನ ಕೋಟೆ ಕೆಡವಿದೆ. ಅದು ನಮ್ಮ ಮೊದಲ ಗೆಲುವು. ಆಮೇಲೆ ಗೆಲ್ಲುತ್ತಲೇ ಹೋದೆವು. ನಮ್ಮ ಗುಟ್ಟು ಏನಪ್ಪಾ ಎಂದರೆ ತಾಳ್ಮೆ. ಒಂದೊಂದು ಎಳೆ ಸೇರಿಸಿ ಸೀರೆ ಮಾಡುವ ಊರಿನವರಿಗೆ ಕಾಯುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಗೋಡೆ ಮೇಲೆ ಗೋಡೆ ಕಟ್ಟಿಕೊಂಡು, ಉಗ್ರಾಣದ ತುಂಬ ಧಾನ್ಯ ಇಟ್ಟುಕೊಂಡು ಕೂತುಬಿಡುತ್ತಿದ್ದೆವು. ಎದುರಾಳಿ ಹೊಡೆದು ಹೊಡೆದು ಸುಸ್ತಾದ ಮೇಲೆ ಬಾಗಿಲು ತೆಗೆದು ಮೇಲೆ ಬೀಳುತ್ತಿದ್ದೆವು.

ಆದರೆ ಹೊರಗಿನ ವೈರಿಗಳಿಗೆ ಹೆದರದ ಪಡೆಗೆ ಒಳಗೇ ಒಂದು ಸಂಕಟವಿತ್ತು. ಸುಮಿತ್ರ ಸೀರೆ ಮಾರುತ್ತಿದ್ದಳು. ಮಗ್ಗದ ಮನೆಯಿಂದ ನೇರವಾಗಿ ಕೊಳ್ಳೋಣವೆಂದು ಬೆಂಗಳೂರಿನ ಹೆಂಗಸರು ಬರುತ್ತಿದ್ದುದು ಭಾನುವಾರ. ಬಂದವರನ್ನು ಅವಳು ನಡುಮನೆಯಲ್ಲಿ, ಅಕ್ಕಿಯ ಡ್ರಮ್ಮಿನ ಪಕ್ಕ ಕೂರಿಸಬೇಕು. ಅಲ್ಲಿ ಕಿಟಕಿಯಿಲ್ಲ. ಟ್ಯೂಬ್‌ಲೈಟಿನಲ್ಲಿ ನೀಲಿ ಎಂದುಕೊಂಡು ಒಯ್ದ ಸೀರೆ ಬೀದಿಗೆ ಬಂದರೆ ನೇರಳೆ. ಹಾಗೆ ಒಯ್ದವರು ಮುಂದಿನ ವಾರ ವಾಪಸು ತರುತ್ತಿದ್ದರು. ಬೆಳಕಿರುವುದು ಮುಂದಿನ ರೂಮಿನಲ್ಲಿ ಮಾತ್ರ. ಅಲ್ಲಿ ನಾವು ಕಿಟಕಿಗೆ ಬೆಡ್‌ಶೀಟು ಕಟ್ಟಿ, ಪರದೆ ಸರಿಯಾಗಿ ಕಾಣಲೆಂದು ಕತ್ತಲು ಮಾಡಿಕೊಂಡು ಕೂತಿರುತ್ತಿದ್ದೆವು. ಸಾಲದ್ದಕ್ಕೆ ನಮ್ಮ ಯುದ್ಧ ಮುಗಿಯುವವರೆಗೂ ಫೋನು ಎಂಗೇಜು. ಗಿರಾಕಿಯ ಜೊತೆ ಮಾತಾಡೋಣವೆಂದು ಅವಳು ರೂಮಿಗೆ ಬಂದು ರಿಸೀವರ್ ಎತ್ತಿದರೆ ಇಲ್ಲಿ ಲೈನು ಕಟ್ಟಾಗಿ ಕೋಟೆ ಮಾಯ. "ಅಯ್ಯೋ ಸುಮಿತ್ರಮ್ಮ, ಗೆಲ್ಲೋ ಹೊತ್ತಲ್ಲಿ!" ಎಂದು ರಂಗಣ್ಣ ಹಣೆ ಚಚ್ಚಿಕೊಳ್ಳುತ್ತಿದ್ದರು. "ಗೆದ್ದು ಯಾವ ರಾಜ್ಯ ಆಳ್ಬೇಕಿತ್ತು ರಂಗಣ್ಣ?" ಎಂದು ಅವಳು ಕೇಳುತ್ತಿದ್ದಳು.

ಹೀಗಿರುವಾಗ ಅವಳ ತಮ್ಮ ಮಂಜು ಹಬ್ಬಕ್ಕೆ ಬಂದ. ಬೆಂಗಳೂರಿನಲ್ಲಿ ಕಾಲೇಜು ಓದುವ ಹುಡುಗ, ಸೈಬರ್ ಸೆಂಟರಿನಲ್ಲಿ ಗೆಳೆಯರ ಜೊತೆ ಇದೇ ಆಟ ಆಡುವವನು. ನಮ್ಮ ಆಟ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಏನ್ ಭಾವ ಇದು, ಯುದ್ಧಾನೋ ಗೋಡೌನೋ? ನಮ್ಮ ಹುಡುಗ್ರು ಮುಂದೆ ನೀವು ನಿಲ್ಲಲ್ಲ ಗುರು!" ಹೋಳಿಗೆ ಬಡಿಸುತ್ತಿದ್ದ ಸುಮಿತ್ರ ಅಲ್ಲೇ ನಿಂತಳು. "ಸರಿ, ಮುಂದಿನ ಭಾನುವಾರ ಇಬ್ರೂ ಆಡಿ. ಇವ್ರು ಗೆದ್ರೆ ಆ ರೂಮಿನ ಸುದ್ದಿಗೆ ನಾನು ಬರಲ್ಲ. ಸೋತ್ರೆ ಕಂಪ್ಯೂಟ್ರು ಒಳಗೆ, ಸೀರೆ ಹೊರಗೆ. ಒಪ್ಪಿಗೇನಾ?" ಬಾಯಲ್ಲಿ ಹೋಳಿಗೆ ಇದ್ದದ್ದರಿಂದ ನಾನು ತಲೆಯಾಡಿಸಿದೆ. ಆಮೇಲೆ ರಂಗಣ್ಣ ಬೈದರು. ಕಂಪ್ಯೂಟರು ಒಳಗೆ ಹೋದರೆ ಟೆಲಿಫೋನಿನ ತಂತಿ ಅಲ್ಲಿಗೆ ಮುಟ್ಟುವುದಿಲ್ಲ, ಅಂದರೆ ಪ್ಯೂರ್ ಜರಿ ಅಲ್ಲಿಗೆ ಮುಗಿಯಿತು. ಇಷ್ಟು ದೊಡ್ಡ ವಿಷಯವನ್ನು ಒಂದು ಹೋಳಿಗೆಗೆ ಬರೆದುಕೊಟ್ಟುಬಿಟ್ಟೆಯಲ್ಲ ಎಂಬುದು ಅವರ ಕೊರಗು.

ಭಾನುವಾರ ಬೆಳಿಗ್ಗೆ ರಂಗಣ್ಣ ಸ್ನಾನ ಮಾಡಿ ವಿಭೂತಿ ಇಟ್ಟುಕೊಂಡು ಬಂದರು. ಬಷೀರ್ ಅಂಗಡಿಗೆ ಬಾಗಿಲು ಹಾಕಿ ಬಂದ. ಪಕ್ಕದ ಶೆಡ್ಡಿನಲ್ಲಿ ಮಗ್ಗಗಳು ಖಟಖಟ ಓಡುತ್ತಿದ್ದವು. ಮಗ್ಗಕ್ಕೆ ಭಾನುವಾರ, ಸೋಮವಾರ ಎಂದೇನಿಲ್ಲ, ಕರೆಂಟು ಇದ್ದ ದಿನ ಕೆಲಸ. ಲೈನು ಸಿಕ್ಕಿತು, ಯುದ್ಧ ಶುರುವಾಯಿತು. ಹುಡುಗರು ಮೊದಲಿಗೇ ಮೇಲೆ ಬಿದ್ದರು. ನಾವು ಗೋಡೆ ಕಟ್ಟಿದೆವು. ಅವರು ಒಡೆದರು. ಮತ್ತೆ ಕಟ್ಟಿದೆವು. ಹೊರಗಿನ ಹೊಲಗಳು ಹೊತ್ತಿ ಉರಿದವು. "ಉರೀಲಿ ಬಿಡಿ ಭಾಯ್, ಒಳಗೆ ಸ್ಟಾಕ್ ಐತೆ" ಎಂದ ಬಷೀರ್. ಮಂಜುವಿನ ಕುದುರೆ ಪಡೆ ಸೊರಗುತ್ತ ಬಂತು. ಇನ್ನೇನು, ನಾವು ಬಾಗಿಲು ತೆಗೆದು ನುಗ್ಗಬೇಕು. ರಂಗಣ್ಣ "ಈಗ... ಈಗ..." ಎನ್ನುತ್ತಿದ್ದರು. ಅಷ್ಟರಲ್ಲಿ ಪಕ್ಕದ ಮಗ್ಗಗಳು ನಿಂತವು. ನಾವು ಮೂವರೂ ಎದ್ದು ಟೀ ಕುಡಿಯಲು ಹೋದೆವು.

ಬೇರೆ ಊರಿನವರಿಗೆ ಇದು ಅರ್ಥವಾಗುವುದಿಲ್ಲ. ನಮ್ಮ ಬೀದಿಯಲ್ಲಿ ಮಕ್ಕಳು ಮಗ್ಗದ ಸದ್ದಿನಲ್ಲಿ ನಿದ್ದೆ ಮಾಡುತ್ತವೆ, ಸದ್ದು ನಿಂತರೆ ಎದ್ದು ಅಳುತ್ತವೆ. ಮಗ್ಗ ನಿಂತಿತು ಎಂದರೆ ಕರೆಂಟು ಹೋಯಿತು, ಕರೆಂಟು ಹೋಯಿತು ಎಂದರೆ ಕೆಲಸ ನಿಂತಿತು, ಕೆಲಸ ನಿಂತಿತು ಎಂದರೆ ಟೀ. ಇದನ್ನು ತಲೆ ಯೋಚಿಸುವುದಿಲ್ಲ, ಕಾಲೇ ಎದ್ದು ಹೊರಡುತ್ತದೆ. ಒಮ್ಮೆ ಬೆಂಗಳೂರಿನ ಛತ್ರವೊಂದರಲ್ಲಿ ವಾಲಗ ಸ್ವಲ್ಪ ನಿಂತಿತೆಂದು ನಾನು ಎದ್ದು ಕಾಫಿ ಹುಡುಕಿಕೊಂಡು ಹೊರಗೆ ಬಂದುಬಿಟ್ಟಿದ್ದೆ. ಒಳಗೆ ಇನ್ನೂ ಧಾರೆ ಆಗಿರಲಿಲ್ಲ. ಮದುವೆ ಯಾರದೆಂದು ನನ್ನನ್ನು ಕೇಳಬೇಡಿ, ಸುಮಿತ್ರಳನ್ನು ಕೇಳಿ, ಇವತ್ತಿಗೂ ಹೇಳುತ್ತಾಳೆ. ಅದೂ ಅಲ್ಲದೆ, ಯುದ್ಧದ ಆ ಭಾನುವಾರ ಹೋದದ್ದು ಮಗ್ಗ ಓಡಿಸುವ ಮೂರು ಫೇಸಿನ ಕರೆಂಟು ಮಾತ್ರ. ಮನೆಗೆ ಸಿಂಗಲ್ ಫೇಸು ಹಾಗೇ ಇತ್ತು. ಕಂಪ್ಯೂಟರು ನಡೆಯುತ್ತಲೇ ಇತ್ತು. ನಾವು ಅದರ ಕಡೆ ತಿರುಗಿಯೂ ನೋಡಲಿಲ್ಲ.

ಟೀ ಅಂಗಡಿಯಲ್ಲಿ ಬೆಂಚಿನ ಮೇಲೆ ಕೂತು ಯುದ್ಧದ ಬಗ್ಗೆಯೇ ಮಾತಾಡಿದೆವು ಎಂದರೆ ನಂಬುತ್ತೀರಾ? "ಇನ್ನೊಂದ್ ಸ್ವಲ್ಪ ಹೊತ್ತು, ಗೆದ್ದಂಗೇ ಕಣೋ" ಎಂದರು ರಂಗಣ್ಣ. ನಾನು ಹೌದು ಎಂದೆ. ಬಷೀರ್ ಬನ್ನನ್ನು ಟೀಯಲ್ಲಿ ಅದ್ದಿಕೊಂಡು ಮೇಲೆ ನೋಡಿದ. ನೋಡಿದವನ ಕೈಯಿಂದ ಬನ್ನು ಜಾರಿ ಲೋಟದೊಳಗೆ ಬಿತ್ತು. "ಯಾ ಅಲ್ಲಾ! ಭಾಯ್, ಇಲ್ಲಿ ಫ್ಯಾನು ತಿರುಗ್ತಾ ಐತೆ!" ಒಂದು ಗಳಿಗೆ ನಾವು ಮೂವರೂ ಆ ಫ್ಯಾನನ್ನೇ ನೋಡಿದೆವು. ಆಮೇಲೆ ಓಡಿದೆವು. ರಂಗಣ್ಣ ಪಂಚೆಯನ್ನು ಎತ್ತಿ ಕಟ್ಟಲು ಕೂಡ ನಿಲ್ಲದೆ ಓಡಿದ್ದನ್ನು ನಮ್ಮ ಬೀದಿ ಇನ್ನೂ ಮರೆತಿಲ್ಲ.

ರೂಮಿಗೆ ಬಂದು ನೋಡುತ್ತೇವೆ, ಕೋಟೆಯ ಬಾಗಿಲು ಮುರಿದುಬಿದ್ದಿದೆ. ಮಂಜುವಿನ ಸೈನಿಕರೆಲ್ಲ ಒಳಗೇ ಇದ್ದಾರೆ. ಆದರೆ ಯಾರೂ ಕೈ ಎತ್ತುತ್ತಿಲ್ಲ. ರೇಷನ್ ಅಂಗಡಿಯ ಮುಂದೆ ಕ್ಯೂ ನಿಂತಂತೆ ಸಾಲಾಗಿ ನಿಂತಿದ್ದಾರೆ. "ಹೆದರ್ಕೊಂಡವ್ರೆ ಕಣೋ! ಏನೋ ಮಸಲತ್ತು ಮಾಡಿದೀವಿ ಅಂದ್ಕೊಂಡು ಹೆದರ್ಕೊಂಡವ್ರೆ! ಬಿಡ್ಬೇಡ!" ಎಂದು ರಂಗಣ್ಣ ಕೂಗಿದರು. ನಾನು ಬಿಡಲಿಲ್ಲ. ನಿಂತವರನ್ನು ನಿಂತಲ್ಲೇ ಮುಗಿಸಿ, ಮುಂದೆ ಹೋಗಿ ಅವರ ಕೋಟೆಯನ್ನೂ ಕೆಡವಿದೆ. ಗೆದ್ದೆವು! ಬಷೀರ್ ಓಡಿಹೋಗಿ ಜಹಾಂಗೀರು ತಂದ. ರಂಗಣ್ಣ ನನ್ನನ್ನು ಎತ್ತಲು ನೋಡಿ ಸೊಂಟ ಹಿಡಿದುಕೊಂಡರು. ಸುಮಿತ್ರ ನಡುಮನೆಯಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದವಳು "ಗೆದ್ರಾ? ಒಳ್ಳೇದಾಯ್ತು" ಎಂದಳು. ಅಷ್ಟೇ. ಒಂದು ಮಾತು ಹೆಚ್ಚಿಲ್ಲ, ಮುಖದಲ್ಲಿ ಬೇಸರವಿಲ್ಲ.

ಆ ಸಂಜೆ ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ! ಜನ್ಮದಲ್ಲಿ ಮೊದಲ ಸಲ ಮನೆಯಲ್ಲಿ ಒಂದು ವಿಷಯ ಗೆದ್ದಿದ್ದೆ. ಹೊಟ್ಟೆ ತುಂಬಿದವನಿಗೆ ದಯೆ ಉಕ್ಕುತ್ತದಲ್ಲ, ಹಾಗೇ ಆಯಿತು. ಅವಳು ಅಕ್ಕಿಯ ಡ್ರಮ್ಮಿನ ಪಕ್ಕ ಬಗ್ಗಿ ಸೀರೆ ಮಡಿಸುತ್ತಿದ್ದುದನ್ನು ನೋಡಿ ಹತ್ತಿರ ಹೋಗಿ ಕೂತೆ. "ಸುಮೀ, ಗೆದ್ದಿದ್ದು ನಾನೇ ಇರ್ಬಹುದು. ಆದ್ರೆ ರೂಮು ನೀನೇ ಇಟ್ಕೋ. ಪಾಪ, ನೀನೂ ಎಷ್ಟು ಅಂತ ಕಷ್ಟಪಡ್ತೀಯ" ಎಂದೆ. ಅವಳು ಬೇಡ ಎನ್ನುತ್ತಾಳೆ, ನಾನು ಇನ್ನೆರಡು ಸಲ ಹೇಳಿ ಒಪ್ಪಿಸಬೇಕು ಎಂದುಕೊಂಡಿದ್ದೆ. "ನಿಮ್ಮಿಷ್ಟ. ನೀವು ಹೇಳಿದ ಮೇಲೆ ಇಲ್ಲ ಅನ್ನೋಕಾಗುತ್ತಾ?" ಎಂದು ಅವಳು ಎದ್ದು ಕಿಟಕಿಯ ಬೆಡ್‌ಶೀಟು ಬಿಚ್ಚಿದಳು. ರಂಗಣ್ಣನೂ ಬಷೀರನೂ ಮೊದಲು ಮುನಿಸಿಕೊಂಡರು. ಆದರೆ ಗೆದ್ದ ಮೇಲೆ ಆಟ ಬಿಟ್ಟರೆ ಸೋಲದ ಪಡೆ ಎಂದು ಊರಲ್ಲಿ ಹೇಳಿಕೊಳ್ಳಬಹುದು ಎಂಬುದು ಬಷೀರನಿಗೆ ಹೊಳೆಯಿತು. ಇಬ್ಬರೂ ಹೇಳಿಕೊಂಡು ತಿರುಗಿದರು.

ಮರುವಾರ ಮಂಜು ಬಂದ. ಬಂದವನೇ "ಭಾವ, ಅಕ್ಕನ ದೆಸೆಯಿಂದ ನಮ್ಮ ಹುಡುಗ್ರು ನನ್ನನ್ನೇ ಟೀಮಿಂದ ತೆಗೆದ್ಹಾಕಿದ್ರು" ಎಂದು ಅತ್ತುಕೊಂಡ. ಬಾಗಿಲು ಒಡೆದು ಒಳಗೆ ಬಂದಾಗ ಕೋಟೆ ಬಿಕೋ ಎನ್ನುತ್ತಿತ್ತಂತೆ. ಆಗ ನಮ್ಮ ಕಡೆಯಿಂದ ಪರದೆಯ ಮೇಲೆ ಒಂದು ಸಂದೇಶ ಬಂತಂತೆ: 'ಮಂಜು, ಅಲ್ಲೇ ನಿಲ್ಲು. ಭಾವ ಟೀ ಕುಡಿಯಕ್ಕೆ ಹೋಗಿದಾರೆ. ಬಂದ್ಮೇಲೆ ಸೋತ್ಬಿಡು. ಇಂತಿ ಅಕ್ಕ.' ಮದುವೆಗೆ ಮುಂಚೆಯೇ ಟೈಪಿಂಗ್ ಪರೀಕ್ಷೆ ಪಾಸು ಮಾಡಿದ್ದವಳು, ಬಷೀರ್ ಎಲ್ಲಿ ಬರೆಯುತ್ತಾನೆಂದು ದಿನಾ ನೋಡಿದ್ದವಳು ಸುಮಿತ್ರ. ಅವರ ಮನೆಯಲ್ಲಿ ಅಕ್ಕನ ಮಾತು ಮೀರುವ ತಮ್ಮ ಇನ್ನೂ ಹುಟ್ಟಿಲ್ಲ.

ನಾನು ಮುಂದಿನ ರೂಮಿಗೆ ಹೋದೆ. ಅವಳು ಚಾಪೆಯ ಮೇಲೆ ಸೀರೆ ಜೋಡಿಸುತ್ತಿದ್ದಳು. "ನಾವು ಸೋತಿದ್ರೆ ರೂಮು ಹೇಗೂ ನಿನ್ನದೇ ಆಗ್ತಿತ್ತಲ್ಲೇ! ಗೆಲ್ಸಿದ್ದು ಯಾಕೆ?" ಎಂದೆ. ಅವಳು ತಲೆ ಎತ್ತಲಿಲ್ಲ. "ಸೋತಿದ್ರೆ ರೂಮು ನನ್ನದಾಗ್ತಿತ್ತು, ಸರಿ. ಆಮೇಲೆ ನಿಮ್ಮ ಊದಿದ ಮುಖ ತಿಂಗಳೆಲ್ಲ ಯಾರು ನೋಡ್ತಿದ್ರು? ಗೆದ್ರೆ ನೀವು ಕೇಳದೇನೇ ಕೊಡ್ತೀರ, ಕೊಟ್ಟು ನಗ್ತಾನೂ ಇರ್ತೀರ. ಇಷ್ಟು ವರ್ಷದಿಂದ ನೋಡ್ತಿಲ್ವಾ ನಾನು?" ಅಷ್ಟರಲ್ಲಿ ಬೆಂಗಳೂರಿನ ಹೆಂಗಸರು ಬಂದರು. "ರೀ, ಆ ಗಿಳಿಹಸಿರು ಸೀರೆ ಸ್ವಲ್ಪ ಕಿಟಕಿ ಹತ್ರ ಹಿಡ್ಕೊಳ್ಳಿ" ಎಂದಳು ಸುಮಿತ್ರ. ಹಿಡಿದುಕೊಂಡೆ. ಬಿಸಿಲಿನಲ್ಲಿ ಬಣ್ಣ ಚೆನ್ನಾಗಿ ಬಂತು. ಅಂಚಿನ ಡಿಸೈನು ನನ್ನದೇ ಆದ್ದರಿಂದ ಮುಖದಲ್ಲಿ ನಗುವೂ ಬಂದಿರಬೇಕು. ಬಂದವರಲ್ಲಿ ಒಬ್ಬಾಕೆ ನನ್ನನ್ನೇ ನೋಡಿ, "ನಿಮ್ಮ ಯಜಮಾನ್ರು ಎಷ್ಟು ನಗುನಗ್ತಾ ಸಹಾಯ ಮಾಡ್ತಾರ್ರೀ! ನಮ್ಮನೇಲಿ ಒಂದು ಲೋಟ ಎತ್ತಿಡಲ್ಲ" ಎಂದರು.

"ಹೂಂ ಕಣ್ರೀ," ಎಂದಳು ಸುಮಿತ್ರ, ಇನ್ನೊಂದು ಸೀರೆಯ ಮಡಿಕೆ ಬಿಚ್ಚುತ್ತ. "ಹೋದ ವಾರ ಒಂದು ಯುದ್ಧ ಗೆದ್ರು."