ಸಮುದ್ರಕ್ಕೆ ಇನ್ನು ಮೂರು ಗಂಟೆ

ಎಲ್ಲ ಎಡವಟ್ಟಿಗೂ ಕಾರಣ ಒಂದು ಪೀಚ್ ಹಣ್ಣು.

ಅದನ್ನು ಬಾಲಿಂಟ್ ಕೇಳಿರಲಿಲ್ಲ. ಕಾರಿನ ಕಿಟಕಿಯಾಚೆ ಎರಡು ಗುಡ್ಡಗಳ ಸಂದಿಯಲ್ಲಿ ಒಂದು ನೀಲಿ ಗೆರೆ ಕಂಡಂತಾಗಿ, ಪಾಪ, ಅವನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಅದೇ ಹೊತ್ತಿಗೆ ಕಾರು ಓಡಿಸುತ್ತಿದ್ದ ಸೆತ್ತಿಮಿಯೊ, ದಾರಿಬದಿಯಲ್ಲಿ ಕೊಂಡಿದ್ದ ಬುಟ್ಟಿಯಿಂದ ಒಂದು ಹಣ್ಣು ತೆಗೆದು ಹಿಂದಕ್ಕೆ ಚಾಚಿದ. ತೆರೆದಿದ್ದ ಬಾಯಿ ತನ್ನಷ್ಟಕ್ಕೆ ತಾನೇ ಅದನ್ನು ಕಚ್ಚಿತು.

"ತಿಂದ್ಯಾ?" ಎಂದರು ಪಕ್ಕದಲ್ಲಿ ಕುಳಿತಿದ್ದ ಎರ್ಸಿಲಿಯಾ, ಕೈಗಡಿಯಾರ ನೋಡಿಕೊಳ್ಳುತ್ತ.

"ಒಂದೇ ಒಂದು ಚೂರು, ಸಿನ್ಯೋರಾ."

"ಚೂರಾದ್ರೂ ಹೊಟ್ಟೆಗೆ ಹೋಯ್ತಲ್ಲ! ಇನ್ನು ಮೂರು ಗಂಟೆ ನೀರಿಗೆ ಇಳಿಯೋ ಹಾಗಿಲ್ಲ. ಉಳಿದಿದ್ದೂ ತಿಂದ್ಬಿಡು ಮಗಾ, ಹೇಗಿದ್ರೂ ಕಾಯಲೇಬೇಕಲ್ಲ."

ಬಾಲಿಂಟ್ ಹಣ್ಣನ್ನು ನೋಡಿದ. ಅಳು ಬಂದಂತಾಯಿತು. ಬೆಳಿಗ್ಗೆಯಿಂದ ಅವನು ಬರೀ ಕಪ್ಪು ಕಾಫಿ ಕುಡಿದು, ಎರ್ಸಿಲಿಯಾ ಕೊಟ್ಟ ಬಿಸ್ಕತ್ತುಗಳನ್ನೆಲ್ಲ ತಿಂದಂತೆ ನಟಿಸಿ ಜೇಬಿಗೆ ಇಳಿಸಿದ್ದೇ ಈ ಮೂರು ಗಂಟೆಯಿಂದ ತಪ್ಪಿಸಿಕೊಳ್ಳಲು.

ಊಟವಾದ ಮೂರು ಗಂಟೆಯೊಳಗೆ ನೀರಿಗಿಳಿದರೆ ಹೊಟ್ಟೆಯೊಳಗಿನ ಅನ್ನಾಹಾರ ಅಲ್ಲೇ ಹೆಪ್ಪುಗಟ್ಟಿ ಮನುಷ್ಯ ನಿಂತಲ್ಲೇ ಸಾಯುತ್ತಾನೆ ಎಂಬುದು ಇಟಲಿಯ ನಮ್ಮ ಕಡೆಯ ಮಾತು. ನಂಬಿಕೆ ಎನ್ನಬೇಡಿ, ಅದು ಕಾನೂನು. ಸರ್ಕಾರದ ಕಾನೂನನ್ನು ಮುರಿದರೂ ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಇದನ್ನು ಮುರಿದರೆ ಅಕ್ಕಪಕ್ಕದವರು ಸುಮ್ಮನಿರುವುದಿಲ್ಲ.

ಬಾಲಿಂಟ್ ಹಂಗೇರಿಯವನು. ಆ ದೇಶಕ್ಕೆ ಸುತ್ತಲೂ ಬೇಕಾದಷ್ಟು ನೆರೆದೇಶಗಳಿವೆ, ಸಮುದ್ರ ಮಾತ್ರ ಇಲ್ಲ. ಅವನ ಮನೆತನದಲ್ಲಿ ಒಬ್ಬರೂ ಸಮುದ್ರ ಮುಟ್ಟಿದವರಲ್ಲ. ಬೇಸಿಗೆ ರಜೆಯಲ್ಲಿ ಇಟಾಲಿಯನ್ ಕಲಿಯಲು ನಮ್ಮೂರು ಫೊಲಿನ್ಯೊಗೆ ಬಂದು, ವಿಧವೆ ಎರ್ಸಿಲಿಯಾ ಅವರ ಮನೆಯ ಹಿಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದ. ಭಾಷೆ ನೆಪ ಅಷ್ಟೆ. ವಾರವೆಲ್ಲ ಪಾಠ, ವಾರದ ಕೊನೆಗೆ ರೈಲು ಹತ್ತಿ ಸಮುದ್ರ, ಇದು ಅವನ ಲೆಕ್ಕಾಚಾರ.

ಮೊದಲ ಶನಿವಾರ ಸ್ಟೇಷನ್ನಿಗೆ ಹೊರಟವನ ಕೈಗೆ ಎರ್ಸಿಲಿಯಾ ಟೊಮ್ಯಾಟೊ ಗೊಜ್ಜಿನ ಜಾಡಿ ಕೊಟ್ಟು, "ಹೇಗೂ ಹೊರಟಿದ್ದೀಯಲ್ಲ ಮಗಾ, ಸ್ಪೊಲೆತೊದಲ್ಲಿ ನಮ್ಮಕ್ಕನಿಗೆ ಇದನ್ನ ಮುಟ್ಟಿಸಿಬಿಡು" ಎಂದಿದ್ದರು. ಸಮುದ್ರ ಒಂದು ದಿಕ್ಕಿಗಾದರೆ ಸ್ಪೊಲೆತೊ ಇನ್ನೊಂದು ದಿಕ್ಕಿಗೆ. ಅಕ್ಕ ಜಾಡಿ ಇಸಿದುಕೊಂಡು ಬಾಲಿಂಟನನ್ನು ಊಟಕ್ಕೆ ಕೂರಿಸಿದರು. ಅವನು ಎದ್ದದ್ದು ಭಾನುವಾರ. ಮುಂದಿನ ವಾರ ಅಸ್ಸಿಸಿಯಲ್ಲಿದ್ದ ನಾದಿನಿಗೆ ಒಂದು ಚೀಸ್ ಗಡ್ಡೆ. ಅದರ ಮುಂದಿನ ವಾರ ಓರ್ವಿಯೆತೊದ ಸೋದರಳಿಯನಿಗೆ ಹೆಣೆದ ಸ್ವೆಟರ್, ಅದೂ ಜುಲೈ ತಿಂಗಳ ಸೆಕೆಯಲ್ಲಿ. ಹೀಗೆ ಸಮುದ್ರಕ್ಕೆಂದು ಹೊರಟವನು ಪ್ರತಿ ಸಲವೂ ಯಾವುದಾದರೂ ಗುಡ್ಡದ ಮೇಲಿನ ಊಟದ ಮೇಜಿಗೆ ಹೋಗಿ ಸೇರುತ್ತಿದ್ದ. ಇಟಾಲಿಯನ್ ಭಾಷೆಯಲ್ಲಿ ಅವನು ಮೊದಲು ಕಲಿತ ಮಾತು "ಬೇಡ". ಆ ಮಾತಿಗೆ ನಮ್ಮಲ್ಲಿ ಏನೂ ಅರ್ಥವಿಲ್ಲ ಎಂದು ತಿಳಿಯಲು ಬೇಸಿಗೆಯೇ ಕಳೆದುಹೋಯಿತು.

ಊರಿಗೆ ಹೊರಡುವ ಹಿಂದಿನ ವಾರ ರಾತ್ರಿ ಊಟಕ್ಕೆ ಕುಳಿತಾಗ ಅವನು ಬಾಯಿಬಿಟ್ಟ. "ಸಿನ್ಯೋರಾ, ನಾನಿನ್ನೂ ಸಮುದ್ರ ಮುಟ್ಟಿಲ್ಲ."

"ಅಯ್ಯೋ ನನ್ನ ಕಂದಾ!" ಎರ್ಸಿಲಿಯಾ ಎದೆಯ ಮೇಲೆ ಕೈಯಿಟ್ಟುಕೊಂಡರು. "ಮೊದಲೇ ಹೇಳೋದಲ್ವಾ? ನಾನೇನು ನಿನ್ನ ಕಟ್ಟಿ ಹಾಕಿದ್ನಾ?"

ಆ ಕ್ಷಣವೇ ಅವರ ತಮ್ಮ ಸೆತ್ತಿಮಿಯೊಗೆ ಫೋನ್ ಹೋಯಿತು. ಭಾನುವಾರ ಎಲ್ಲರೂ ಸಮುದ್ರಕ್ಕೆ. ಸೋಮವಾರ ಬಾಲಿಂಟ್ ಊರಿಗೆ. ಸೆತ್ತಿಮಿಯೊಗೆ ಕತ್ತಲಲ್ಲಿ ಕಣ್ಣು ಸರಿಯಾಗಿ ಕಾಣುವುದಿಲ್ಲ, ಆದ್ದರಿಂದ ಸಂಜೆ ಆರಕ್ಕೆ ಅಲ್ಲಿಂದ ಹೊರಟುಬಿಡಬೇಕು. ಅಷ್ಟರೊಳಗೆ ಒಂದು ಮುಳುಗು. ಬಾಲಿಂಟ್ ಕೇಳಿದ್ದು ಅಷ್ಟೇ.

ಪೋರ್ತೊ ರೆಕನಾತಿಯ ಕಡಲತೀರದಲ್ಲಿ ಕಾರಿಳಿದವನು ನೋಡುತ್ತ ನಿಂತುಬಿಟ್ಟ. ಇಷ್ಟೊಂದು ನೀರು! ಆಚೆಗೆ ದಡವೇ ಇಲ್ಲ! ಅವನಿಗೆ ನಿಜಕ್ಕೂ ಸಂತೋಷವಾಯಿತು. ಇಂಥದ್ದನ್ನು ನೋಡಿ ಸಂತೋಷಪಡದವನು ಮನುಷ್ಯನೇ ಅಲ್ಲ ಎಂದು ನನ್ನ ಅಭಿಪ್ರಾಯ.

"ಆಮೇಲೆ ನೋಡುವೆಯಂತೆ, ಮೊದಲು ಡಬ್ಬಿ ಹಿಡಿ" ಎಂದರು ಎರ್ಸಿಲಿಯಾ. ಡಬ್ಬಿಗಳೋ, ಒಂದು ಮದುವೆಮನೆಗೆ ಸಾಕಾಗುವಷ್ಟಿದ್ದವು.

ನಮ್ಮ ಕಡಲತೀರದಲ್ಲಿ ನೆರಳಿಗೆ ನೆಟ್ಟ ಛತ್ರಿಗಳು ಸಾಲುಸಾಲಾಗಿರುತ್ತವೆ. ಯಾರ ಪಕ್ಕ ಯಾರು ಎಂಬುದು ಎಷ್ಟೋ ವರ್ಷಗಳಿಂದ ಬದಲಾಗಿರುವುದಿಲ್ಲ. ಎರ್ಸಿಲಿಯಾ ಅವರ ಛತ್ರಿಯ ಪಕ್ಕದ್ದು ಸಿನ್ಯೋರಾ ನೀವೆಸ್ ಅವರದು. ಅದರಡಿಯಲ್ಲಿ ಅವರ ಗಂಡ, ನಿವೃತ್ತ ಡಾಕ್ಟರ್ ಗಲಾಸಿ, ಮುಖದ ಮೇಲೆ ಪತ್ರಿಕೆ ಹೊದ್ದು ಮಲಗಿದ್ದರು.

"ಇವನೇನಾ ನಿಮ್ಮ ಹಂಗೇರಿ ಹುಡುಗ?" ನೀವೆಸ್ ಬಾಲಿಂಟನನ್ನು ಮೇಲಿಂದ ಕೆಳಗೆ ಅಳೆದರು. "ಏನ್ರೀ ಎರ್ಸಿಲಿಯಾ, ಬಾಡಿಗೆ ತಗೋತೀರಿ, ಊಟ ಹಾಕಲ್ವಾ?"

ಎರ್ಸಿಲಿಯಾ ಕೆಂಪಗಾದರು. ಆ ಒಂದು ಮಾತು ಬಾಲಿಂಟನ ಹಣೆಬರಹವನ್ನು ಬರೆದುಬಿಟ್ಟಿತು.

ಪೀಚಿನ ಮೂರು ಗಂಟೆ ಮುಗಿಯುತ್ತ ಬಂದು, ಅವನು ಅಂಗಿ ಬಿಚ್ಚಿ ಎದ್ದು ನಿಂತಿದ್ದ. ಅಷ್ಟರಲ್ಲಿ ನೀವೆಸ್ ತಟ್ಟೆ ಹಿಡಿದು ಬಂದರು. ಒಳಗೆ ಮಾಂಸ ತುಂಬಿ ಕರಿದ ಆಲಿವ್ ಕಾಯಿಗಳು, ಇನ್ನೂ ಬಿಸಿಯಾಗಿದ್ದವು.

"ಬೇಡ ಸಿನ್ಯೋರಾ, ನಾನೀಗ ನೀರಿಗೆ..."

"ಬೇಡಾ?" ನೀವೆಸ್ ಎರ್ಸಿಲಿಯಾ ಕಡೆ ತಿರುಗಿದರು. "ನನ್ನ ಕೈದು ಸೇರಲ್ವಂತೆ."

"ತಗೊಳ್ಳೋ," ಎರ್ಸಿಲಿಯಾ ಹಲ್ಲು ಕಚ್ಚಿ ಪಿಸುಗುಟ್ಟಿದರು, "ಇಪ್ಪತ್ತು ವರ್ಷದ ನೆರೆಹೊರೆ! ನನ್ನ ಮಾನ ಕಳೀಬೇಡ."

ಬಾಲಿಂಟ್ ಒಂದು ತೆಗೆದುಕೊಂಡ. ರುಚಿಯಾಗಿತ್ತು, ಅದೇ ತೊಂದರೆ. ಇಬ್ಬರು ಹೆಂಗಸರೂ ಒಟ್ಟಿಗೆ ಗಡಿಯಾರ ನೋಡಿಕೊಂಡರು.

ಅದಾದ ಮೇಲೆ ಮಧ್ಯಾಹ್ನದ ಊಟ. ತೀರದುದ್ದಕ್ಕೂ ಡಬ್ಬಿಗಳ ಮುಚ್ಚಳ ತೆರೆದ ಸದ್ದಿಗೆ ಅಲೆಗಳ ಸದ್ದು ಅಡಗಿಹೋಯಿತು. ಲಸಾನ್ಯ, ಕೋಳಿ, ಆಲೂಗಡ್ಡೆ, ಚೀಸ್ ಇಟ್ಟ ರೊಟ್ಟಿ. ನೀವೆಸ್ ಕಣ್ಣು ಇತ್ತಲೇ ನೆಟ್ಟಿದ್ದರಿಂದ ಎರ್ಸಿಲಿಯಾ ಪ್ರತಿಯೊಂದನ್ನೂ ಎರಡು ಸಲ ಬಡಿಸಿದರು. ಊಟ ಮುಗಿದು ಗಡಿಯಾರ ಮತ್ತೆ ಮೊದಲಿನಿಂದ ಶುರುವಾಯಿತು. "ಐದು ಗಂಟೆಗೆ ಇಳಿಯುವೆಯಂತೆ, ಆರಕ್ಕೆ ಹೊರಡೋಣ. ಒಂದು ಗಂಟೆ ಸಾಲದಾ?" ಎಂದು ಸಮಾಧಾನ ಹೇಳಿ ಎರ್ಸಿಲಿಯಾ ಮಲಗಿದರು.

ಎಲ್ಲರೂ ಮಲಗಿದರು. ತೀರವಿಡೀ ಗೊರಕೆ. ಸಮುದ್ರ ಇಷ್ಟೇ ದೂರದಲ್ಲಿ ಬಾ ಬಾ ಎನ್ನುತ್ತಿತ್ತು. ಬಾಲಿಂಟ್ ಬೆಕ್ಕಿನ ಹಾಗೆ ಎದ್ದು, ಛತ್ರಿಗಳ ನಡುವೆ ನುಸುಳಿ, ನೀರಿನ ಅಂಚಿಗೆ ಬಂದ. ಅಲೆಯೊಂದು ಅವನ ಕಾಲ ಕಡೆಗೇ ಉರುಳಿಕೊಂಡು ಬರತೊಡಗಿತು. ಅವನು ಹೆಬ್ಬೆರಳು ಮುಂದೆ ಚಾಚಿದ.

"ಹಿಡೀರಿ! ಹುಡುಗ ಸಾಯೋಕೆ ಹೊರಟಿದ್ದಾನೆ!"

ನೀವೆಸ್ ಮಲಗಿರಲಿಲ್ಲ. ಅಂಥವರು ಮಲಗುವುದೂ ಇಲ್ಲ. ತೀರವೆಲ್ಲ ಎದ್ದು ನಿಂತಿತು. ಸೆತ್ತಿಮಿಯೊ ಓಡಿ ಬಂದು ಅವನ ಸೊಂಟ ಹಿಡಿದು ಎತ್ತಿಕೊಂಡ. ಅಲೆ ಅವನ ಹೆಬ್ಬೆರಳಿಗೆ ಇನ್ನೊಂದು ಗೇಣು ಇರುವಾಗಲೇ ಹಿಂದೆ ಸರಿದುಹೋಯಿತು.

"ಲಸಾನ್ಯ ತಿಂದು ನೀರಿಗಾ! ನಮ್ಮ ಭಾವನ ಚಿಕ್ಕಪ್ಪ ಒಂದೇ ಒಂದು ಅಂಜೂರ ತಿಂದು ಕಾಲಿಟ್ಟ, ಹೋಗೇಬಿಟ್ಟ!" ಎಂದ ಸೆತ್ತಿಮಿಯೊ.

"ಅಂಜೂರಕ್ಕೇ ಹಾಗಾದ್ರೆ!" ಎಂದಿತು ತೀರ.

ಎರ್ಸಿಲಿಯಾ ಬೈಯಲಿಲ್ಲ. ಅವನ ಕೈ ಹಿಡಿದುಕೊಂಡು ಅತ್ತುಬಿಟ್ಟರು. "ನಿಮ್ಮಮ್ಮನಿಗೆ ನಾನೇನಂತ ಉತ್ತರ ಕೊಡಲಿ, ಹೇಳು?" ಬಾಲಿಂಟನಿಗೆ ತುಂಬ ನಾಚಿಕೆಯಾಯಿತು. ಈ ಬೇಸಿಗೆಯಲ್ಲಿ ಅವನನ್ನು ಅಷ್ಟು ಪ್ರೀತಿಯಿಂದ ನೋಡಿಕೊಂಡವರು ಬೇರೆ ಯಾರೂ ಇರಲಿಲ್ಲ. ಇನ್ನು ಅಪ್ಪಣೆಯಿಲ್ಲದೆ ಇಳಿಯುವುದಿಲ್ಲ ಎಂದು ಅವರ ಕೈಮುಟ್ಟಿ ಮಾತು ಕೊಟ್ಟ.

ಐದು ಹೊಡೆಯಲು ಇನ್ನೇನು ಸ್ವಲ್ಪವೇ ಇತ್ತು. ಆಗ ತೆಂಗಿನಕಾಯಿ ಹೋಳು ಮಾರುವವನು "ಕೊಕೊ, ತಂಪು ಕೊಕೊ!" ಎಂದು ಕೂಗುತ್ತ ಬಂದ. ಸೆತ್ತಿಮಿಯೊ ಎಲ್ಲರಿಗೂ ಕೊಂಡ.

ಬಾಲಿಂಟ್ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. "ಬೇಡ. ನಾನಿನ್ನು ಏನೂ ತಿನ್ನಲ್ಲ."

"ಒಂದು ಹೋಳು ಕಣೋ."

"ಅರ್ಧವೂ ಬೇಡ!"

ಛತ್ರಿಗಳಡಿ ಎಲ್ಲರೂ ಅವನತ್ತ ತಿರುಗಿದರು. ನಮ್ಮ ಕಡೆ ಮನುಷ್ಯ ಊಟ ಬೇಡ ಎನ್ನಲು ಒಂದೇ ಕಾರಣವಿರುತ್ತದೆ. ಎರ್ಸಿಲಿಯಾ ಅವನ ಹಣೆ ಮುಟ್ಟಿದರು, ಆಮೇಲೆ ನೀವೆಸ್ ಮುಟ್ಟಿದರು. ಬಿಸಿಲಲ್ಲಿ ದಿನವಿಡೀ ಕುಳಿತ ಹಣೆ ಬಿಸಿಯಾಗದೆ ಇನ್ನೇನಾಗುತ್ತದೆ?

"ಜ್ವರ!" ಎಂದರು ಇಬ್ಬರೂ.

"ಹುಷಾರಿಲ್ಲದವನನ್ನ ನೀರಿಗೆ ಬಿಡೋದುಂಟಾ? ಇವತ್ತಂತೂ ಸಾಧ್ಯವೇ ಇಲ್ಲ" ಎಂದರು ನೀವೆಸ್. "ಗಾಳಿ ಬೇರೆ ಬೀಸ್ತಿದೆ. ಹೊದಿಸಿ, ಹೊದಿಸಿ!"

ಎರಡು ಟವೆಲ್, ಒಂದು ಮೇಜುವಸ್ತ್ರ, ಎಲ್ಲಿಂದಲೋ ಬಂದ ಒಂದು ಉಣ್ಣೆಯ ಶಾಲು. ಬಾಲಿಂಟನ ಮೂಗು ಮಾತ್ರ ಹೊರಗೆ ಉಳಿಯಿತು. "ರೀ, ಏಳ್ರೀ! ಡಾಕ್ಟರಾಗಿದ್ದು ಯಾತಕ್ಕೆ?" ಎಂದು ನೀವೆಸ್ ಗಂಡನನ್ನು ಎಬ್ಬಿಸಿದರು.

ಡಾಕ್ಟರ್ ಗಲಾಸಿ ರೋಗಿಯನ್ನು ಬಟ್ಟೆ ಬದಲಿಸುವ ಮರದ ಕೋಣೆಯ ಹಿಂದಕ್ಕೆ ಕರೆದುಕೊಂಡು ಹೋಗಿ, ನಾಡಿ ಹಿಡಿದು ಕೇಳಿದರು. "ನಿಜ ಹೇಳು, ಏನಾಗಿದೆ?"

"ಏನೂ ಆಗಿಲ್ಲ ಡಾಕ್ಟ್ರೇ! ಒಂದೇ ಒಂದು ಸಲ ಸಮುದ್ರಕ್ಕಿಳೀಬೇಕು. ತಿಂದು ಇಳಿದ್ರೆ ನಿಜವಾಗ್ಲೂ ಸಾಯ್ತಾರಾ?"

ಡಾಕ್ಟರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ದನಿ ತಗ್ಗಿಸಿದರು. "ಯಾರೂ ಸತ್ತಿದ್ದು ನಾನಂತೂ ಕಂಡಿಲ್ಲ."

"ಹಾಗಾದ್ರೆ ಅವರಿಗೆ ಹೇಳ್ಬಾರದಾ?"

"ಮದುವೆಯಾದ ಹೊಸದರಲ್ಲಿ ಹೇಳಿದ್ದೆ. ನೀವೆಸ್ ತವರಿಗೆ ಹೋದ್ಲು. ವಾಪಸ್ ಬರುವಾಗ ಅವಳ ಅಮ್ಮನನ್ನೂ ಕರ್ಕೊಂಡು ಬಂದ್ಲು. ಆಮೇಲೆ ನಾನು ಆ ಮಾತೇ ಎತ್ತಿಲ್ಲ." ಮುದುಕರು ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡರು. ಇದ್ದಕ್ಕಿದ್ದಂತೆ ಅವರ ಕಣ್ಣು ಹೊಳೆಯಿತು. "ತಡಿ. ಹೇಳೋಕಾಗಲ್ಲ ನಿಜ. ಆದ್ರೆ ಔಷಧಿ ಬರೆದುಕೊಡ್ಬಹುದಲ್ಲ!"

ಹೊರಗೆ ಬಂದು ಗಂಟಲು ಸರಿಮಾಡಿಕೊಂಡರು. ತೀರವೆಲ್ಲ ಕಿವಿಯಾಯಿತು.

"ಹುಡುಗನಿಗೆ ಆಗಿರೋದು ನರಗಳ ತೊಂದರೆ. ಸಮುದ್ರ ನೋಡದ ದೇಶದವರಿಗೆ ಹೀಗಾಗುತ್ತೆ. ಇದಕ್ಕೆ ಒಂದೇ ಔಷಧಿ, ಉಪ್ಪುನೀರು. ಕುತ್ತಿಗೆವರೆಗೂ, ಅರ್ಧ ಗಂಟೆ. ಈಗಿಂದೀಗಲೇ ಶುರು ಮಾಡ್ಬೇಕು."

"ಔಷಧಿ ಅಂದ್ಮೇಲೆ ಮುಗೀತು" ಎಂದ ಸೆತ್ತಿಮಿಯೊ, ಟೋಪಿ ತೆಗೆದು.

ಔಷಧಿಯ ಮುಂದೆ ನಮ್ಮವರು ಎದುರಾಡುವುದಿಲ್ಲ. ಎರ್ಸಿಲಿಯಾ ತಾವೇ ಕೈಯಾರೆ ಶಾಲು ಬಿಚ್ಚಿದರು. ನೀವೆಸ್ ದಾರಿ ಬಿಡಿಸಿದರು. ಅರ್ಧ ತೀರವೇ ಹಿಂದೆ ಮೆರವಣಿಗೆ ಹೊರಟಿತು. ಒದ್ದೆ ಮರಳು ಬಾಲಿಂಟನ ಕಾಲಿಗೆ ತಣ್ಣಗೆ ತಾಗಿತು. ಇನ್ನು ಎರಡೇ ಹೆಜ್ಜೆ.

"ಸ್ವಲ್ಪ ನಿಲ್ಲಿ" ಎಂದರು ಎರ್ಸಿಲಿಯಾ. "ಡಾಕ್ಟ್ರೇ, ಈ ಔಷಧಿ ಊಟಕ್ಕೆ ಮುಂಚೆನೋ, ಆಮೇಲೋ?"

ಡಾಕ್ಟರು ತಬ್ಬಿಬ್ಬಾದರು. "ಅದು... ಹಾಗೇನಿಲ್ಲ..."

"ಹಾಗೇನಿಲ್ಲ ಅಂದ್ರೆ?" ನೀವೆಸ್ ಸೊಂಟಕ್ಕೆ ಕೈಯಿಟ್ಟರು. "ಖಾಲಿ ಹೊಟ್ಟೇಲಿ ಔಷಧಿ ತಗೊಂಡ್ರೆ ಕರುಳು ಸುಟ್ಟುಹೋಗುತ್ತೆ ಅಂತ ಜೀವಮಾನವಿಡೀ ಊರಿಗೆಲ್ಲ ಹೇಳಿದವರು ಯಾರು? ನೀವೇ ತಾನೆ?"

ತೀರ ಹೌದು ಹೌದು ಎಂದಿತು. ಡಾಕ್ಟರು ಹೆಂಡತಿಯ ಮುಖ ನೋಡಿದರು, ಬಾಲಿಂಟನ ಮುಖ ನೋಡಿದರು. ಕೊನೆಗೆ ಮರಳು ನೋಡುತ್ತ ಹೇಳಿದರು. "ಹೌದು, ಖಾಲಿ ಹೊಟ್ಟೇಲಿ ಆಗಲ್ಲ."

"ಮಧ್ಯಾಹ್ನದಿಂದ ಹುಡುಗ ಒಂದು ಅಗುಳು ಮುಟ್ಟಿಲ್ಲ!" ಎರ್ಸಿಲಿಯಾ ಹೌಹಾರಿದರು. "ಸೆತ್ತಿಮಿಯೊ, ಓಡು! ಉಳಿದ ಲಸಾನ್ಯ ತಾ!"

ಡಬ್ಬಿ ಬಂತು. ಸಮುದ್ರಕ್ಕೆ ಎರಡು ಹೆಜ್ಜೆ ದೂರದಲ್ಲಿ, ಇಡೀ ಊರಿನ ಕಣ್ಣೆದುರು ನಿಂತುಕೊಂಡು ಬಾಲಿಂಟ್ ತಿಂದ. ಇಷ್ಟರವರೆಗೆ ಇಷ್ಟು ಬೇಗ ಅವನು ಏನನ್ನೂ ತಿಂದಿರಲಿಲ್ಲ. ಕೊನೆಯ ತುತ್ತು ನುಂಗಿ, ಬಾಯಿ ಒರೆಸಿಕೊಂಡು, ಖಾಲಿ ಡಬ್ಬಿಯನ್ನು ಎರ್ಸಿಲಿಯಾ ಕೈಗಿತ್ತ.

"ಈಗ ಇಳಿಯಲಾ ಸಿನ್ಯೋರಾ? ಔಷಧಿ?"

"ಈಗಲಾ!" ಎರ್ಸಿಲಿಯಾ ಬೆಚ್ಚಿಬಿದ್ದು ಅವನ ತೋಳು ಹಿಡಿದುಕೊಂಡರು. "ಈಗ ತಾನೇ ತಿಂದಿದ್ದೀಯಲ್ಲ ಮಗಾ!"

ನೀವೆಸ್, ಸೆತ್ತಿಮಿಯೊ, ತೆಂಗಿನಕಾಯಿಯವನು, ಹಿಂದಿದ್ದ ಅರ್ಧ ತೀರ, ಎಲ್ಲರ ಕೈಗಳೂ ಒಟ್ಟಿಗೆ ಮೇಲೆದ್ದವು. ಎಲ್ಲರೂ ಗಡಿಯಾರ ನೋಡಿಕೊಂಡರು. ಡಾಕ್ಟರ್ ಗಲಾಸಿ ಕೂಡ ನೋಡಿಕೊಂಡರು.

ಆರಾಗುತ್ತ ಬಂದಿತ್ತು. ಸೆತ್ತಿಮಿಯೊ ಛತ್ರಿ ಮಡಚತೊಡಗಿದ.

ಗುಡ್ಡ ಹತ್ತುತ್ತಿದ್ದ ಕಾರಿನಲ್ಲಿ ಬಾಲಿಂಟನಿಗೆ ಅಮ್ಮನ ಫೋನ್ ಬಂತು. ಪಕ್ಕದಲ್ಲಿ ಎರ್ಸಿಲಿಯಾ ಅವನ ಭುಜಕ್ಕೊರಗಿ ನೆಮ್ಮದಿಯಾಗಿ ನಿದ್ದೆಹೋಗಿದ್ದರು.

"ಅಂತೂ ಹೋಗಿ ಬಂದ್ಯಾ ಮಗಾ? ಹೇಗಿತ್ತೋ ಸಮುದ್ರ?"

ಸುಳ್ಳು ಹೇಳಲು ಬಾಲಿಂಟನಿಗೆ ಮನಸ್ಸಾಗಲಿಲ್ಲ.

"ತುಂಬಾ ರುಚಿಯಾಗಿತ್ತಮ್ಮ" ಎಂದ.