ಎಪ್ಪತ್ತು ಕಿಲೋ ಮೇಷ್ಟ್ರು

ಹೋದ ತಿಂಗಳ ದೈಹಿಕ ಸಾಮರ್ಥ್ಯ ಪರೀಕ್ಷೆಯಲ್ಲಿ ಎಂಬತ್ತು ದಂಡ ಹೊಡೆದು ಮೊದಲನೆಯವನಾದ ಆಸಾಮಿ, ಮರುವಾರ ನಿಜವಾದ ಬೆಂಕಿಗೆ ಹೋದಾಗ ಎರಡನೇ ಮಹಡಿಯ ಮೆಟ್ಟಿಲ ಮೇಲೆ ಕುಳಿತು ತಿದಿಯಂತೆ ಉಸಿರುಬಿಡತೊಡಗಿದ. ನಾಲ್ಕೇ ದಂಡಕ್ಕೆ ನೆಲ ಕಚ್ಚಿ ಕೊನೆಯವನಾಗಿದ್ದ ಡ್ರೈವರ್ ಅವನನ್ನು ದಾಟಿಕೊಂಡು ಮೂರನೇ ಮಹಡಿಗೆ ಹೋಗಿ, ಬಟ್ಟೆ ಹೊಲಿಯುವ ಹೆಂಗಸೊಬ್ಬಳನ್ನು ಹೊಗೆಯೊಳಗಿಂದ ಎಳೆದು ತಂದ. ಅವಳು ಹೊಲಿಗೆ ಯಂತ್ರ ಬಿಟ್ಟು ಬರಲಾರೆ ಎಂದು ಹಟ ಹಿಡಿದದ್ದರಿಂದ ಮತ್ತೆ ಹತ್ತಿ ಅದನ್ನೂ ತಂದ.

ಸುದ್ದಿ ಮೇಲಿನ ಕಚೇರಿಗೆ ಮುಟ್ಟಿತು. ಸಿಕ್ಕಿಬಿದ್ದವರು ಅಗ್ನಿಶಾಮಕ ಠಾಣೆಯ ವ್ಯಾಯಾಮದ ಮೇಷ್ಟ್ರು. ದಂಡ ಹೊಡೆಸಿ ಅಂಕ ಕೊಟ್ಟವರು ಅವರೇ. ದಂಡ ಹೊಡೆದರೆ ಬೆಂಕಿ ಆರುತ್ತದೆಯೇ ಎಂದು ಅಧಿಕಾರಿ ಮೇಡಂ ಕಾಗದದಲ್ಲಿ ಕೇಳಿದ್ದರು. ಕೆಲಸಕ್ಕೆ ಬೇಕಾದ ಶಕ್ತಿಯನ್ನೇ ಅಳೆಯುವ ಪರೀಕ್ಷೆ ಆರಿಸಬೇಕು. ಎಷ್ಟು ಸಲ ಮಾಡಿದರೂ ಅದೇ ಉತ್ತರ ಬರಬೇಕು. ಗುರುವಾರ ಬೆಳಿಗ್ಗೆ ಒಮ್ಮೆ ನಡೆಸಿ ಪಟ್ಟಿ ಇಟ್ಟಿರಬೇಕು, ಮಧ್ಯಾಹ್ನ ಮೂರಕ್ಕೆ ತಮ್ಮೆದುರು ಇನ್ನೊಮ್ಮೆ ನಡೆಸಬೇಕು. ಎರಡೂ ಪಟ್ಟಿ ತಾಳೆಯಾದರೆ ಮೇಷ್ಟ್ರಿಗೆ ಕಾಯಂ ಕೆಲಸ. ಆಗದಿದ್ದರೆ ಗುತ್ತಿಗೆ ಈ ತಿಂಗಳಿಗೆ ಮುಕ್ತಾಯ.

ಹನ್ನೊಂದು ತಿಂಗಳಿಗೊಮ್ಮೆ ಗುತ್ತಿಗೆ ಮುಂದುವರಿಸಿಕೊಂಡು ಮೇಷ್ಟ್ರು ಆರು ವರ್ಷ ತಳ್ಳಿದ್ದರು. ಗುರುವಾರ ಬೆಳಿಗ್ಗೆ ಹೆಂಡತಿ ಬಾಗಿಲಲ್ಲಿ ನಿಂತು, "ಕಾಯಂ ಆಗದೆ ಮನೆಗೆ ಬರಬೇಡಿ" ಅಂದಳು. ಎರಡು ಹೆಜ್ಜೆ ಹೋದಮೇಲೆ ಕರೆದು, "ಬಂದ್ರೂ ಪರವಾಗಿಲ್ಲ, ಮುಖ ಸಪ್ಪಗೆ ಮಾಡ್ಕೊಂಡು ಬರಬೇಡಿ" ಎಂದು ತಿದ್ದಿದಳು.

ಠಾಣೆಯಲ್ಲಿ ಹನ್ನೆರಡು ಜನ ಹನ್ನೆರಡು ಸಲಹೆ ಹಿಡಿದು ಕಾಯುತ್ತಿದ್ದರು. ಎತ್ತರದವನು ಎತ್ತರ ಜಿಗಿತ ಸಾಕು ಅಂದ. ತೆಳ್ಳಗಿನವನಿಗೆ ಓಟವೇ ಶ್ರೇಷ್ಠ ಅನ್ನಿಸಿತು. ತೊಂಬತ್ತಾರು ಕಿಲೋ ತೂಗುವ ಸ್ಟೋರ್‌ಕೀಪರ್, ಹೊಗೆಯಲ್ಲಿ ಮುಖ್ಯವಾದದ್ದು ಉಸಿರು ಬಿಗಿಹಿಡಿಯುವುದು, ಅದನ್ನು ಕುರ್ಚಿಯಲ್ಲಿ ಕೂತೇ ಪರೀಕ್ಷಿಸಬಹುದು ಎಂದು ವಾದಿಸಿ, ಕೆನ್ನೆ ಉಬ್ಬಿಸಿ ತೋರಿಸಿಯೂ ಬಿಟ್ಟರು.

ಮೇಷ್ಟ್ರು ಯಾರ ಮಾತಿಗೂ ಜಗ್ಗಲಿಲ್ಲ. ಹೊಲಿಗೆಯವಳನ್ನು ಡ್ರೈವರ್ ಹೇಗೆ ತಂದನೋ ಅದೇ ಪರೀಕ್ಷೆ ಎಂದರು. ರಾತ್ರಿಯೆಲ್ಲ ಕೂತು ಹಳೆಯ ಸಮವಸ್ತ್ರದ ಅಂಗಿ ಪ್ಯಾಂಟು ಜೋಡಿಸಿ ಹೊಲಿದು, ಮರಳು ತುಂಬಿ, ಎಪ್ಪತ್ತು ಕಿಲೋ ತೂಕದ ಬೊಂಬೆ ಮಾಡಿದ್ದರು. ಬೊಂಬೆಯ ಕಂಕುಳಿಗೆ ಕೈಹಾಕಿ ಅಂಗಳದುದ್ದಕ್ಕೂ ಇಪ್ಪತ್ತು ಮೀಟರ್ ಎಳೆಯಬೇಕು. ಅಷ್ಟೇ.

ಡ್ರೈವರ್ ಮೊದಲಿಗನಾಗಿ ಎಳೆದ. ಮೂವತ್ತೊಂದು ಸೆಕೆಂಡು. ಎರಡನೆಯವನು ಮೂವತ್ತು, ಐದನೆಯವನು ಇಪ್ಪತ್ತಾರು, ಒಂಬತ್ತನೆಯವನು ಇಪ್ಪತ್ತು. ನಮ್ಮ ಠಾಣೆಯಲ್ಲಿ ಇಷ್ಟು ಶಕ್ತಿ ಎಲ್ಲಿ ಅಡಗಿತ್ತು ಎಂದು ಮೇಷ್ಟ್ರಿಗೆ ಮೈ ಜುಮ್ಮೆಂದಿತು. ಕೊನೆಗೆ ಬಂದ ಸ್ಟೋರ್‌ಕೀಪರ್, ಮದುವೆಯ ಹುಡುಗಿಯನ್ನು ಕರೆದುಕೊಂಡು ಬರುವವರಂತೆ ಬೊಂಬೆಯನ್ನು ತೋಳಿಗೆ ಆನಿಸಿಕೊಂಡು ಹದಿನಾಲ್ಕೇ ಸೆಕೆಂಡಿಗೆ ಗೆರೆ ದಾಟಿ ಕಾಲರ್ ಸರಿಮಾಡಿಕೊಂಡರು.

ಮೇಷ್ಟ್ರ ಜುಮ್ಮು ಅಲ್ಲಿಗೆ ಇಳಿಯಿತು. ಅಂಗಳ ನೋಡಿದರೆ ಈ ತುದಿಯಿಂದ ಆ ತುದಿಗೆ ಮರಳಿನ ದಪ್ಪ ಗೆರೆ. ಪ್ಯಾಂಟಿನ ಹಿಂಭಾಗದ ಹೊಲಿಗೆ ಬಿಟ್ಟಿತ್ತು. ತೂಕದ ಯಂತ್ರದ ಮೇಲಿಟ್ಟರೆ ಬೊಂಬೆ ಮೂವತ್ತೆಂಟಕ್ಕೆ ಇಳಿದು ಕ್ಷಯ ಹಿಡಿದವರಂತೆ ಜೋತುಬಿತ್ತು. "ಅಳೆಯೋ ಕೋಲೇ ಸವೀತಾ ಹೋದ್ರೆ ಬಟ್ಟೆ ಎಷ್ಟುದ್ದ ಅಂತ ಹೇಗೆ ಗೊತ್ತಾಗ್ಬೇಕು ಮೇಷ್ಟ್ರೇ?" ಎಂದ ಡ್ರೈವರ್. ಸ್ಟೋರ್‌ಕೀಪರ್ ಮಾತ್ರ ತಮ್ಮ ದಾಖಲೆಯನ್ನು ಅಳಿಸಬಾರದೆಂದು ಹಟ ಹಿಡಿದರು.

ಗಂಟೆ ಹತ್ತೂವರೆ. ಮತ್ತೆ ಹೊಲಿದರೆ ಮತ್ತೆ ಬಿಡುವುದಿಲ್ಲವೆಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಆಗ ಡ್ರೈವರಿಗೆ ಹೊಳೆಯಿತು. "ಮನುಷ್ಯನ್ನೇ ಎಳೆದ್ರಾಯ್ತಲ್ಲ. ಬೆಂಕೀಲಿ ನಾವೇನು ಬೊಂಬೆ ಎಳೀತೀವಾ?"

ಎಪ್ಪತ್ತು ಕಿಲೋದವನು ಯಾರೆಂದು ನೋಡಲು ಎಲ್ಲರೂ ಸಾಲಾಗಿ ತೂಕದ ಯಂತ್ರ ಹತ್ತಿದರು. ಒಬ್ಬ ಅರವತ್ತೊಂದು, ಒಬ್ಬ ಎಂಬತ್ತಮೂರು. ಸ್ಟೋರ್‌ಕೀಪರ್ ಹತ್ತಿದಾಗ ಯಂತ್ರ ಕಿರ್ರೆಂದಿತು. ಕೊನೆಗೆ ಬೆಂಕಿಗೆ ಹೋಗುವಾಗ ಹಾಕುವ ದಪ್ಪ ಕೋಟು ತೊಟ್ಟು ಮೇಷ್ಟ್ರೇ ನಿಂತರು. ಮುಳ್ಳು ತೂಗಾಡಿ ಎಪ್ಪತ್ತರ ಮೇಲೆ ಬಂದು ಕೂತಿತು. ಅಂಗಳದಲ್ಲಿ ಗೆದ್ದ ತಂಡಕ್ಕೆ ಏಳುವಂಥ ಕೇಕೆ ಎದ್ದಿತು.

ಮೇಷ್ಟ್ರು ಗೆರೆಯ ಬಳಿ ಅಂಗಾತ ಮಲಗಿ, ಸ್ಟಾಪ್‌ವಾಚನ್ನು ಎದೆಯ ಮೇಲಿಟ್ಟುಕೊಂಡರು. ತಾವೇ ತೂಕ, ತಾವೇ ಗಡಿಯಾರ. ಮೊದಲ ಸಲ ಡ್ರೈವರ್ ಕಂಕುಳಿಗೆ ಕೈಹಾಕಿದ ಕೂಡಲೇ ಕಚಗುಳಿಯಾಗಿ ಹೊರಳಾಡಿಬಿಟ್ಟರು. ಎರಡನೇ ಸಲ ಎಳೆಯುವವನ ಮೇಲಿನ ಕರುಣೆಯಿಂದ ಹಿಮ್ಮಡಿ ಊರಿ ತಮಗೇ ಗೊತ್ತಿಲ್ಲದಂತೆ ಮೈಯನ್ನು ಹಿಂದಕ್ಕೆ ತಳ್ಳತೊಡಗಿದರು. ಸ್ಟೋರ್‌ಕೀಪರ್ ನೆಲಕ್ಕೆ ಬಗ್ಗಿ ಹಿಮ್ಮಡಿಯನ್ನೇ ದಿಟ್ಟಿಸಿ, "ತೂಕ ನಡೀತಾ ಇದೆ, ತೂಕ ನಡೀತಾ ಇದೆ" ಎಂದು ಕೂಗಿ ಹಿಡಿದರು. ಕಾಲು ಕಟ್ಟಿಹಾಕಿದರು. ಆಮೇಲೆ ನಿಯಮಗಳಾದವು. ಎಲ್ಲರೂ ಒಂದೇ ಕಡೆ ಹಿಡಿಯಬೇಕು, ಒಬ್ಬೊಬ್ಬರಿಗೂ ಒಂದೇ ಮಾತು ಹೇಳಬೇಕು, ತೂಕ ನಗಬಾರದು.

ಹನ್ನೆರಡು ಜನ ಒಬ್ಬೊಬ್ಬರಾಗಿ ಎಳೆದು ಮುಗಿಸುವ ಹೊತ್ತಿಗೆ ಮೇಷ್ಟ್ರ ಮೊಣಕೈ ತರಚಿ, ತಲೆಯೊಳಗೆ ಗಿರಣಿ ತಿರುಗುತ್ತಿತ್ತು. ಆದರೆ ಪಟ್ಟಿ ನೋಡಿ ನೋವು ಮರೆತರು. ಡ್ರೈವರ್ ಮೂವತ್ತೊಂದು ಸೆಕೆಂಡಿಗೆ ಎಲ್ಲರಿಗಿಂತ ಮುಂದೆ. ಎಂಬತ್ತು ದಂಡದವನು ಒಂಬತ್ತನೆಯವನು. ಸ್ಟೋರ್‌ಕೀಪರ್ ನಲವತ್ತೊಂದು.

ಮತ್ತೆ ತೂಗಿದಾಗ ಇನ್ನೊಂದು ಎಡವಟ್ಟು. ಬೆವರು ಹರಿದು ಅರ್ಧ ಕಿಲೋ ಇಳಿದಿತ್ತು. ಸ್ಟೋರ್‌ಕೀಪರ್ ಜಗ್ ಹಿಡಿದು ಅಳತೆ ನೀರು ಕುಡಿಸತೊಡಗಿದರು. ಅಷ್ಟರಲ್ಲಿ ಊಟ ಆಯಿತೇ ಎಂದು ಹೆಂಡತಿಯ ಫೋನು. ಎಷ್ಟು ತಿನ್ನಬೇಕೆಂದು ತೂಗಿ ನೋಡಿ ಹೇಳುತ್ತೇನೆ ಎಂದರು ಮೇಷ್ಟ್ರು.

"ಅಲ್ಲಿ ನಿಮ್ಮನ್ನ ಏನು ಮಾಡ್ತಾ ಇದ್ದಾರೆ?"

"ಎಳೀತಾ ಇದ್ದಾರೆ ಕಣೇ. ಹನ್ನೆರಡು ಜನ. ಊಟ ಆದ್ಮೇಲೆ ಇನ್ನೊಂದ್ಸಲ ಎಳೀತಾರೆ."



ಕನಿಕರಪಟ್ಟು ಡ್ರೈವರ್ ಗುಟ್ಟಾಗಿ ಕೊಟ್ಟ ಎರಡು ಬಾಳೆಹಣ್ಣಿನಿಂದ ಮುಳ್ಳು ಎಪ್ಪತ್ತನ್ನು ದಾಟಿತು. ಅದನ್ನು ಇಳಿಸಲು ಮೇಷ್ಟ್ರು ಕೋಟು ತೊಟ್ಟೇ ಅಂಗಳ ಸುತ್ತಿದರು, ಹಿಂದೆ ಹನ್ನೊಂದು ಜನ ಹುರಿದುಂಬಿಸುತ್ತಾ ಓಡಿದರು, ಸ್ಟೋರ್‌ಕೀಪರ್ ಯಂತ್ರದ ಪಕ್ಕ ನಿಂತು ಕೈಬೀಸಿದರು. ಮೂರಕ್ಕೆ ಐದು ನಿಮಿಷವಿದ್ದಾಗ ಮುಳ್ಳು ಎಪ್ಪತ್ತಕ್ಕೆ ಬಂತು, ಗೇಟಿಗೆ ಮೇಡಮ್ಮರ ಕಾರು ಬಂತು.

ಮೇಡಂ ನಿಂತು ಹನ್ನೆರಡು ಎಳೆತವನ್ನೂ ನೋಡಿದರು. ಪ್ರತಿ ಅಂಕೆ ಬಂದಾಗಲೂ ಬೆಳಗಿನ ಪಟ್ಟಿಯ ಮೇಲೆ ಬೆರಳಿಟ್ಟರು. ಮೂವತ್ತೊಂದಿದ್ದವನು ಮೂವತ್ತೊಂದು, ಮೂವತ್ತಾರಿದ್ದವನು ಮೂವತ್ತೇಳು. ಕೊನೆಗೆ ಸ್ಟೋರ್‌ಕೀಪರ್ ಏದುಸಿರು ಬಿಡುತ್ತಾ ಗೆರೆ ದಾಟಿದಾಗ ಮಲಗಿದ್ದಲ್ಲಿಂದಲೇ ಮೇಷ್ಟ್ರು, "ನಲವತ್ತೊಂದು" ಎಂದು ಕೂಗಿದರು. ಅಂಗಳಕ್ಕೆ ಅಂಗಳವೇ ಕುಣಿಯಿತು.

ಇದು ನಿಜವಾದ ಕೆಲಸದ ಹಾಗೆ ಇದೆಯೇ ಎಂದು ಮೇಡಂ ಡ್ರೈವರನ್ನು ಕೇಳಿದರು.

"ಥೇಟ್ ಹಾಗೇ ಮೇಡಂ. ಆ ಹೊಲಿಗೆಯಮ್ಮನೂ ದಾರಿಯುದ್ದಕ್ಕೂ ಹೀಗೇ ನರಳ್ತಾ ಇದ್ರು."

ಮೇಡಂ ಕಾರಿನ ಬಾನೆಟ್ಟಿನ ಮೇಲೆಯೇ ಆದೇಶ ಬರೆದು ಮೊಹರು ಒತ್ತಿದರು. ಕಾಲಿನ ಕಟ್ಟು ಬಿಚ್ಚುವುದಕ್ಕೂ ಕಾಯದೆ ಮೇಷ್ಟ್ರು ಮೊದಲ ಸಾಲು ಓದಿ, ಕಣ್ಣು ತುಂಬಿಕೊಂಡು ಮನೆಗೆ ಫೋನು ಹಚ್ಚಿದರು. "ಆಯ್ತು ಕಣೇ. ಕಾಯಂ ಆಯ್ತು."

"ಕೆಳಗೂ ಓದಿ" ಅಂದರು ಮೇಡಂ.

ಇಲಾಖೆಯ ಉಳಿದ ಇಪ್ಪತ್ತೆರಡು ಠಾಣೆಗಳಲ್ಲೂ ಇದೇ ಪರೀಕ್ಷೆ ನಡೆಯಬೇಕು. ಒಂದು ಠಾಣೆಯ ಫಲಿತಾಂಶವನ್ನು ಇನ್ನೊಂದರ ಜೊತೆ ಹೋಲಿಸಬೇಕಾದರೆ ಎಲ್ಲ ಕಡೆಯೂ ಇದೇ ತೂಕವನ್ನು ಬಳಸಬೇಕು. ಸೋಮವಾರದಿಂದ ದಿನಕ್ಕೊಂದು ಠಾಣೆ. ತೂಕವನ್ನು ಪ್ರತಿದಿನ ಬೆಳಿಗ್ಗೆ ಪರಿಶೀಲಿಸತಕ್ಕದ್ದು.

"ಹಾಗಾದ್ರೆ ಪರೀಕ್ಷೆ ನಡೆಸೋರು ಯಾರು ಮೇಡಂ?"

"ಗಡಿಯಾರ ಯಾರು ಬೇಕಾದ್ರೂ ಹಿಡೀತಾರೆ. ಅದನ್ನ ನಿಮ್ಮ ಸ್ಟೋರ್‌ಕೀಪರಿಗೆ ವಹಿಸಿದ್ದೀನಿ. ಇಂಥ ತೂಕ ಎಲ್ಲಿ ಸಿಗುತ್ತೆ ಹೇಳಿ."

ಕಾರು ಗೇಟು ದಾಟುವ ಮೊದಲೇ ಸ್ಟೋರ್‌ಕೀಪರ್ ದಾಸ್ತಾನು ಪುಸ್ತಕ ತಂದು ಬಿಚ್ಚಿದರು. ಏಣಿ, ಹಗ್ಗ, ಬಕೆಟ್ಟುಗಳ ಕೆಳಗೆ ಹೊಸ ಗೆರೆ ಎಳೆದು, 'ತೂಕ, ಎಪ್ಪತ್ತು ಕಿಲೋ, ಒಂದು' ಎಂದು ಬರೆದರು. ವಸ್ತುವಿನ ಸ್ಥಿತಿ ಎಂಬ ಕಡೆಗೆ ಬಂದು ಪೆನ್ನು ನಿಲ್ಲಿಸಿ, ಮೇಷ್ಟ್ರನ್ನು ಒಂದು ಸುತ್ತು ಬಂದು ನೋಡಿದರು. ಮೊಣಕೈ ಎತ್ತಿ ನೋಡಿದರು, ಕೋಟಿನ ಹಿಂಭಾಗ ಸರಿಸಿ ನೋಡಿದರು. ಆಮೇಲೆ ಯೋಚಿಸಿ ದುಂಡಗೆ ಬರೆದರು:

'ಹಳೆಯದು. ಅಲ್ಲಲ್ಲಿ ತರಚಿದೆ. ಇನ್ನೂ ಹತ್ತು ವರ್ಷ ಬರಬಹುದು.'