ಶ್ರೀಶೈಲಕ್ಕ ಹೊಂಟ ಅಣ್ಣ

ಕೆಲವರ ಹಣೇಬರಾದಾಗ ಯಾತ್ರಾ ಬರದಿರತೈತಿ. ನನ್ನ ಹಣೇಬರಾದಾಗ ಬರೇ ಯಾತ್ರಾದ ತಯಾರಿ ಬರದಿತ್ತು. ಒಮ್ಮೆ ಆದ್ರ ಹೋಗಲಿ ಬಿಡು ಅನಬಹುದು. ವರ್ಷಾ ವರ್ಷಾ ಹಿಂಗ ಆದ್ರ ಮನಷ್ಯಾ ಯಾರ ಮುಂದ ಹೋಗಿ ಅಳಬೇಕು?

ಅರವತ್ತನೇ ಇಸವಿ ಆಚೀಚಿನ ಮಾತು. ಕೊಲ್ಹಾಪುರದಾಗ ಒಂದು ಅರಿವಿ ಅಂಗಡ್ಯಾಗ ಗಾದಿ ಮ್ಯಾಲೆ ಕುಂತು ಸೀರಿ ಬಿಚ್ಚಿ ತೋರಸೂದು, ಮತ್ತ ಮಡಚಿ ಇಡೂದು ನನ್ನ ಕೆಲಸ. ಮುಂಜಾನೆ ಕುಂತ್ರ ಸಂಜಿಗೆ ಏಳಾಂವ. ಅಂಥಾ ನನಗ ನಮ್ಮವ್ವ, ‘ಶ್ರೀಶೈಲಕ್ಕ ನಡಕೊಂಡು ಹೋಗಿ ಬಾ’ ಅಂದ್ಳು.

ನಮ್ಮ ಮಂದ್ಯಾಗ ಶ್ರೀಶೈಲದ ಮಲ್ಲಯ್ಯ ಅಂದ್ರ ಅಳಿಯ, ಭ್ರಮರಾಂಬ ಅಂದ್ರ ಮನಿ ಮಗಳು. ಶಿವರಾತ್ರಿ ಮುಗದ ಮ್ಯಾಲೆ ದೇವರನ್ನ ಹೊತ್ತ ಬಿದರಿನ ಕಂಬಿ ಹೆಗಲಿಗೇರಸಿ ಮಂದಿ ನಡಕೋತ ಹೊಂಡತಾರ. ಯುಗಾದಿಗೆ ಅಲ್ಲಿ ಮುಟ್ಟಿ, ತವರಮನಿ ಸೀರಿ, ಕುಬಸ, ಬಳಿ, ಅರಿಷಿಣ-ಕುಂಕುಮ ಕೊಟ್ಟು ಮಗಳ ಉಡಿ ತುಂಬಿ ಬರತಾರ. ನಮ್ಮವ್ವಗ ಹೆಣ್ಣಮಕ್ಕಳಿಲ್ಲ, ನಾ ಒಬ್ಬನ ಮಗ. ‘ಇದ್ದ ಒಬ್ಬ ಮಗಳು ಅಷ್ಟ ದೂರ ಗುಡ್ಡದಾಗ ಕುಂತಾಳ. ತವರಿಂದ ಯಾರರ ಬಂದಾರೇನು ಅಂತ ದಾರಿ ನೋಡತಿರತಾಳ. ನಾ ಕಣ್ಣ ಮುಚ್ಚೂದರಾಗ ನನ್ನ ಸೀರಿ ಒಮ್ಮೆ ಆಕಿಗೆ ಮುಟ್ಟಲಿ’ ಅನ್ನಾಕಿ. ತವರಿನ ಉಡಿ ಅಣ್ಣನ ಒಯ್ಯಬೇಕು ಅಂತ ಆಕಿ ಹಟಾ. ಹಿಂಗಾಗಿ ಅಣ್ಣ ಅಂದ್ರ ನಾನು.

ಚಪ್ಪಲಿ ಪಳಗಿಸಿದ್ದು

ಕಂಬಿ ಹೊರೂ ಅಜ್ಜ ಮೂಲ ಗಡಹಿಂಗ್ಲಜದಾಂವ, ಭಾಳ ವರ್ಷ ನಡದ ಜೀವ. ‘ಬರಿಗಾಲಿಲೆ ಬಾರೋ ತಮ್ಮಾ, ಮಲ್ಲಯ್ಯ ನಡಸ್ತಾನ’ ಅಂದ. ಅವ್ವ ಒಪ್ಪಲಿಲ್ಲ. ‘ಅಣ್ಣ ಬರಿಗಾಲಿಲೆ ಬಂದಾನಂದ್ರ ಗಂಡನ ಮನ್ಯಾಗ ಆಕಿ ಮರ್ಯಾದಿ ಏನ ಉಳೀತೈತಿ?’ ಅಂದ್ಳು.

ಹೊಸಾ ಚಪ್ಪಲಿ ಬಂದ್ವು. ಕೊಲ್ಹಾಪುರದ ಹೊಸಾ ಚಪ್ಪಲಿ ಹೆಂಗ ಕಡೀತಾವ ಅನ್ನೂದು ಮೆಟ್ಟಿದಾವರಿಗೇ ಗೊತ್ತು. ಔಡಲೆಣ್ಣಿ ಕುಡಸಿದೆ, ಕಲ್ಲ ಹೇರಿಟ್ಟೆ, ಬಗ್ಗಲಿಲ್ಲ. ಮೆಟ್ಟಿ ತಿರಗಾಡಿದ್ರ ಬಗ್ಗತಾವ, ಆದ್ರ ಗಾದಿ ಮ್ಯಾಲೆ ಕುಂತಾಂವ ನಾ ಎಲ್ಲಿ ತಿರಗಾಡಲಿ? ಅದಕ್ಕ ನಮ್ಮ ಓಣಿಗೆ ಟಪಾಲ ತರಾಂವಗ ಕೊಟ್ಟೆ. ‘ನೀ ಹೆಂಗೂ ಊರ ತುಂಬ ಅಡ್ಡಾಡ್ತಿ. ಮೆಟಗೊಂಡು ಸ್ವಲ್ಪ ಮೆತ್ತಗ ಮಾಡಿ ಕೊಡಪಾ’ ಅಂದೆ.

‘ಕಾಳಜೀ ಕರೂ ನಕಾ, ಶೇಟ’, ಚಿಂತಿ ಮಾಡಬ್ಯಾಡ್ರಿ ಅಂದ ಮರಾಠ್ಯಾಗ.

ಪ್ರಾಮಾಣಿಕ ಮನಷ್ಯಾ. ಕಂಬಿ ಏಳೂ ಹಿಂದಿನ ದಿನದ ತನಕ ಬಿಡದ ಮೆಟ್ಟಿದ. ತಂದು ಕೈಯಾಗಿಟ್ಟು, ‘ನೋಡ್ರಿ, ಹತ್ತಿ ಅರಳಿ ಹಂಗ ಆಗ್ಯಾವ’ ಅಂದ. ಅರಳಿ ಹಂಗ ಆಗಿದ್ದು ಖರೆ. ತಿರುವಿ ನೋಡಿದ್ರ ಹಿಮ್ಮಡದ ಜಾಗಾದಾಗ ಕೈಬೆರಳ ಪಾರ ಹೋತು.

ಓಡಿಹೋಗಿ ಇನ್ನೊಂದು ಹೊಸಾ ಜೋಡು ತಂದೆ. ಮುಂಜಾನೆ ಮೆಟಗೊಂಡು ಹೊಂಟಾಂವ ಊರ ಹೊರಗಿನ ನಾಕಾ ಮುಟ್ಟೂದರಾಗ ಎರಡೂ ಹಿಮ್ಮಡ ಸುಲದು ರಕ್ತ. ಟಾಂಗಾದಾಗ ಮನಿಗೆ ಬಂದೆ. ‘ಸೀರಿ ಅಜ್ಜನ ಕೈಯಾಗ ಕೊಟ್ಟು ಕಳಸೂಣು’ ಅಂದ್ರ ಅವ್ವ, ‘ಅಣ್ಣ ಜೀವಂತ ಇದ್ದಾಗ ಮಂದಿ ಕೈಲೆ ಉಡಿ ಕಳಸ್ತಾರೇನು?’ ಅಂತ ಸೀರಿ ಟ್ರಂಕಿನಾಗ ಇಟ್ಟು ಒಳಗ ಹೋಗಿ ಅತ್ಲು.

ಮರುದಿನ ಟಪಾಲದಾಂವ ಬಾಗಲದಾಗ ಹೊಸಾ ಜೋಡು ನೋಡಿದ. ‘ಇನ್ನೊಂದು ಜೋಡು ತಂದೀರೇನ್ರಿ? ಕೊಡ್ರಿ, ಬರೂ ವರ್ಷಕ್ಕ ತಯಾರ ಮಾಡಿ ಇಡ್ತೇನಿ’ ಅಂದ.

ನಡಿಯೂ ರೂಢಿ

ಎರಡನೇ ವರ್ಷ ಅಜ್ಜನ ಹೇಳಿದ. ‘ಚಪ್ಪಲಿ ಅಲ್ಲೋ, ಕಾಲು ಪಳಗಬೇಕು. ಹೊಂಡೂಕಿಂತ ಮೊದಲ ಒಮ್ಮೆ ದೂರ ನಡದು ನೋಡು.’

ಎಲ್ಲಿಗೆ ನಡೀಲಿ ಅಂತ ವಿಚಾರ ಮಾಡಿ ಇಚಲಕರಂಜಿಗೆ ಹೊಂಟೆ. ಅದು ನನ್ನ ಹೇಣ್ತಿ ತವರಮನಿ. ಹೋದ ಮ್ಯಾಲೆ ಊಟ ಅರ ಸಿಗತೈತಿ ಅಂತ ಆಶಾ. ಹಾದ್ಯಾಗ ಎಸ್.ಟಿ. ಬಸ್ಸು ನಿಂತು ನಿಂತು ಕರದ್ವು, ಹತ್ತಲಿಲ್ಲ. ಊರ ಮುಟ್ಟೂದರಾಗ ಹೊತ್ತ ಇಳದಿತ್ತು. ತಲಿ ಮ್ಯಾಲಿನ ರುಮಾಲ ಬಿಸಲಿಗೆ ಬಿಚ್ಚಿ ಕಂಕಳಾಗ ಇಟಗೊಂಡಿದ್ದೆ. ಮಾರಿ ತುಂಬ ಧೂಳ, ಬಾಯಿ ಒಣಗಿ ಮಾತ ಹೊಂಡವಲ್ದು.

ಬಾಗಲದಾಗ ಕುಂತಿದ್ದ ನಮ್ಮತ್ತಿ ನೋಡಿದ್ಳು. ಅಳಿಯ ಒಬ್ಬನ ಬಂದಾನ, ಬರಿದಲಿಲೆ ಬಂದಾನ, ಬಸ್ಸಿನ ದಾರಿ ಸುದ್ದಾ ನೋಡದ ನಡಕೊಂಡು ಬಂದಾನ. ಸಾವಿನ ಸುದ್ದಿ ತರಾವರು ಹಿಂಗ ಬರೂದು, ಇನ್ನೇನ ಕೇಳೂದೈತಿ ಅಂತ ಎದಿ ಎದಿ ಬಡಕೊಂಡು, ‘ನನ್ನ ಮಗಳ ಹೋದ್ಳಲ್ಲೇ’ ಅಂತ ಸುರು ಮಾಡಿಬಿಟ್ಳು. ನಾ ‘ನೀರ’ ಅಂದೆ. ಕಡೀಗೆ ನೀರ ಬೇಡಿರಬೇಕು ತನ್ನ ಮಗಳು ಅಂತ ಆಕಿ ಇನ್ನೂ ಜೋರಲೆ ಅತ್ಲು. ಓಣಿ ಹೆಣ್ಣಮಕ್ಕಳು ಕೂಡಿದ್ರು. ಬಾಜೂ ಮನಿ ಮಗ್ಗದ ಸಪ್ಪಳ ನಿಂತಿತು. ನಾ ಒಂದು ಚರಿಗಿ ನೀರ ಕಸಕೊಂಡು ಕುಡದು, ‘ನಿಮ್ಮ ಮಗಳು ಆರಾಮ ಅದಾಳ್ರಿ, ಮನ್ಯಾಗ ರೊಟ್ಟಿ ಬಡ್ಯಾಕತ್ತಾಳ’ ಅನ್ನೂದರಾಗ ಅರ್ಧಾ ಓಣಿ ಅತ್ತು ಮುಗಿಸಿತ್ತು.

ಮಾವ ಸಿಟ್ಟಿಲೆ ಕೇಳಿದ್ರು. ‘ಮತ್ತ ನಡಕೊಂಡು ಯಾಕ ಬಂದ್ರಿ?’

‘ನಡಿಯೂದು ರೂಢಿ ಮಾಡಾಕತ್ತೇನ್ರಿ.’

‘ವರ್ಷದ ಕೂಸಿದ್ದಾಗ ಮಾಡೂ ರೂಢಿ ಅದು ಅಳಿಯಂದಿರ. ಆವಾಗ ಏನ ಮಾಡಾಕತ್ತಿದ್ರಿ?’

ಅತ್ತಿಗೆ ನನ್ನ ಮಾತಿನ ಮ್ಯಾಲೆ ನಂಬಿಕಿ ಕೂಡಲಿಲ್ಲ. ಮಗಳ ಮಾರಿ ಕಣ್ಣಾರೆ ನೋಡಬೇಕಂತ ನನ್ನ ಜೋಡಿ ಬಸ್ಸಿನಾಗ ಕೊಲ್ಹಾಪುರಕ್ಕ ಬಂದ್ಳು. ನೋಡಿದ್ಳು, ಅಪ್ಪಿಕೊಂಡ್ಳು, ‘ಸತ್ತು ಬದಕ್ಯಾಳ ನನ್ನ ಕೂಸು’ ಅಂತ ಯುಗಾದಿ ತನಕ ಉಳದ್ಳು. ಅತ್ತಿ ಮನ್ಯಾಗ ಇದ್ದಾಗ ಅಳಿಯ ಮನಿ ಬಿಟ್ಟು ಹೊಂಡೂದು ಹೆಂಗ? ಕಂಬಿ ನಮ್ಮ ಬಾಗಲ ಮುಂದ ಹಾದು ಹೋತು. ಅವ್ವ ಕೈ ಮುಗದು ನಿಂತಿದ್ಳು. ನಾ ಬೀಗರಿಗೆ ಚಹಾ ಸೋಸಾಕತ್ತಿದ್ದೆ.

ಗಂಟು ಮೊದಲ ಹೋತು

ಮೂರನೇ ವರ್ಷ ಕಂಬಿ ಏಳೂದು ಸೋಮವಾರ ಬಂತು. ನಮ್ಮ ಓಣ್ಯಾಗ ಪಂಚಾಂಗ ನೋಡೂ ಒಬ್ಬ ಹಿರ್ಯಾ ಇದ್ದ. ‘ಸೋಮವಾರ ಮೂಡಣ ದಿಕ್ಕಿಗೆ ಹೋಗಬಾರದು, ಶೂಲ ಐತಿ’ ಅಂದ.

‘ಕಂಬಿ ಹೊಂಡತೈತಲ್ರಿ?’

‘ಕಂಬ್ಯಾಗ ದೇವರದಾನ. ನಿಮ್ಮೊಳಗ ಯಾರದಾರ?’

ಅದಕ್ಕ ದಾರೀನೂ ಅವನ ಹೇಳಿದ. ಪ್ರಸ್ಥಾನ ಇಡೂದು. ಅಂದ್ರ, ಚಲೋ ಮುಹೂರ್ತದಾಗ ನಮ್ಮ ಗಂಟು ಬ್ಯಾರೇದಾವರ ಮನ್ಯಾಗ ಒಯ್ದು ಇಡಬೇಕು. ಗಂಟು ಹೊಸ್ತಲ ದಾಟಿತಂದ್ರ ನಾವೂ ಹೊಂಟಂಗ. ಆಮ್ಯಾಲೆ ಯಾವಾಗ ಹೋದ್ರೂ ದೋಷ ಇಲ್ಲ.

ರವಿವಾರ ಮೂಡಣ ಕಡೆ ಮನಿಯಾವರಲ್ಲಿ ಗಂಟು ಇಟ್ಟು ಬಂದೆ. ಸೀರಿ ಅದರಾಗ, ಬಳಿ ಅದರಾಗ, ಧೋತ್ರ, ಕಂಬಳಿ, ಬುತ್ತಿ, ಚಪ್ಪಲಿ ಎಲ್ಲಾ ಅದರಾಗ. ಸೋಮವಾರ ಮುಂಜಾನೆ ಹೋದ್ರ ಬಾಗಲಿಗೆ ಕೀಲಿ. ಗಡಹಿಂಗ್ಲಜದಾಗ ಅವರ ತಂಗಿ ಹಡೀತಾಳಂತ ಸುದ್ದಿ ಬಂದು ಮಂದೆಲ್ಲಾ ಮೊದಲನೇ ಬಸ್ಸಿಗೆ ಹೋಗ್ಯಾರ. ಕೀಲಿ ಒಡೀತೇನಿ ಅಂತ ಕಲ್ಲ ತಗೊಂಡೆ. ಅವ್ವ ಕೈ ಹಿಡದ್ಳು. ‘ಮಗಳಿಗೆ ಒಯ್ಯೂ ಉಡಿ, ಕಳವು ಮಾಡಿದಾವರಂಗ ಕೀಲಿ ಒಡದು ಒಯ್ಯಬ್ಯಾಡ’ ಅಂದ್ಳು. ಕಂಬಿ ಹೋತು.

ಪಂಚಾಂಗದಾವನ ಕಡೆ ಹೋಗಿ ಜಗಳಕ್ಕ ನಿಂತೆ. ಅವ ಶಾಂತ ಇದ್ದ. ‘ನೀವು ಯಾಕ ಒದರಾಡ್ತೀರಿ? ನೀವು ನಿನ್ನೇನ ಹೋಗೀರಿ. ಶಾಸ್ತ್ರದ ಪ್ರಕಾರ ನೀವು ಈಗ ಊರಾಗ ಇಲ್ಲ’ ಅಂದ.

ಮನಿಗೆ ಬಂದು ತಾಟಿನ ಮುಂದ ಕುಂತೆ. ತಾಟು ಖಾಲಿ. ಹೇಣ್ತಿ ಒಳಗಿಂದ, ‘ಊರಾಗ ಇಲ್ಲದಾವರಿಗೆ ನಾ ಅಡಗಿ ಮಾಡಿಲ್ರಿ’ ಅಂದ್ಳು.

ಪೈಲವಾನನ ಭಕ್ತಿ

ನಾಕನೇ ವರ್ಷ ಏನೂ ತಪ್ಪಲಿಲ್ಲ. ತಪ್ಪಲಿಲ್ಲ ಅಂತ ನನಗ ಅಂಜಿಕಿ ಬಂದಿತ್ತು. ಅವ್ವನ ತಲಿ ಪೂರಾ ಬೆಳ್ಳಗಾಗಿತ್ತು. ಹಿಂದಿನ ರಾತ್ರಿ ಗಂಟು ಕಟಗೋತ, ‘ಈ ಸಲ ತಪ್ಪಿದ್ರ ಮುಂದಿಂದು ನಾ ನೋಡ್ತೇನೋ ಇಲ್ಲೋ’ ಅಂದಿದ್ಳು. ಆ ಮಾತು ಕೇಳಿ ನನಗ ತಡಕೊಳ್ಳಾಕ ಆಗಲಿಲ್ಲ. ತೆವಳಿಕೋತ ಹೋದ್ರೂ ಸೈ, ಈ ಸಲ ಹೋಗಾಂವ ಅಂತ ಆಕಿ ಕಾಲ ಮುಟ್ಟಿ ಆಣಿ ಮಾಡಿದೆ.

ಮುಂಜಾನೆ ಮಠದ ಅಂಗಳದಾಗ ಮಂದಿ ಕೂಡಿತ್ತು, ಅವ್ವನೂ ಬಂದಿದ್ಳು. ಪಾದಯಾತ್ರಾಕ್ಕ ಹೊಂಟಾವರ ಕಾಲ ಮುಟ್ಟಿದ್ರ ಮನ್ಯಾಗ ಉಳದಾವರಿಗೂ ಪುಣ್ಯಾ ಬರತೈತಂತ ಒಬ್ಬೊಬ್ಬರ ಬಂದು ನಮಗ ಮಾಲಿ ಹಾಕಿ ಕಾಲ ಮುಟ್ಟಾಕತ್ತಿದ್ರು. ಕಟ್ಟಕಡೀಗೆ ಬಾಜೂ ಗರಡಿಮನಿ ತಾಲೀಮಿನ ಪೈಲವಾನ ಬಂದ. ಆ ವರ್ಷ ಕುಸ್ತಿ ಎಲ್ಲಾ ಸೋತಿದ್ದ, ಪಾಪ.

‘ಅಣ್ಣಾ, ಆಶೀರ್ವಾದ ದ್ಯಾ’ ಅಂತ ಉದ್ದಕ ಬಿದ್ದು ಎರಡೂ ಕೈಲೆ ನನ್ನ ಬಲಗಾಲ ಹಿಡದ.

ಭಕ್ತಿ ಉಕ್ಕಿದಂಗ ಹಿಡಿತಾನೂ ಬಿಗೀತು. ‘ಸಾಕಪಾ, ಏಳು’ ಅಂದೆ. ಅಳಾಕತ್ತಿದ್ದ, ಕೇಳಲಿಲ್ಲ. ನಾ ಕಾಲು ಹಿಂದಕ್ಕ ಜಗ್ಗಿದೆ. ಅದ ತಪ್ಪಾತು. ಹಿಡದ ಕಾಲು ಜಗ್ಗಿದ್ರ ಏನ ಮಾಡಬೇಕು ಅನ್ನೂದು ಅವನ ಕೈಗೆ ಗೊತ್ತು, ಕೈ ಅವನ್ನ ಕೇಳಲಿಲ್ಲ. ಕಾಲು ಕಟಕ್ ಅಂತು. ಕಣ್ಣ ತಗದು ನೋಡಿದ್ರ ನಾ ಮಾಲಿ ಸಮೇತ ಅಂಗಾತ ಬಿದ್ದೇನಿ, ಅಂವ ನನ್ನ ಎದಿ ಮ್ಯಾಲೆ ಕುಂತು ‘ಮಾಫ ಕರಾ, ಅಣ್ಣಾ’ ಅಂತ ಅಳಾಕತ್ತಾನ. ಹಿಂದ ನಿಂತ ತಾಲೀಮಿನ ಹುಡುಗರು ರೂಢಿ ಮ್ಯಾಲೆ ಚಪ್ಪಾಳಿ ಹೊಡದ್ರು.

ಕಾಲ ಊರಾಕ ಆಗಲಿಲ್ಲ. ಅಜ್ಜ ಮುಟ್ಟಿ ನೋಡಿ ತಲಿ ಅಳ್ಳಾಡಿಸಿದ. ಕಂಬಿ ಹೆಗಲಿಗೇರಿತು. ನಾ ಕೂಸಿನಂಗ ಅತ್ತೆ. ಕಾಲಿಗೆ ಅಲ್ಲ, ಅವ್ವನ ಮಾರಿ ನೋಡಾಕ ಆಗಲಿಲ್ಲ ಅಂತ.

‘ಅವ್ವಾ, ಬರೂ ವರ್ಷ ಖಂಡಿತ...’ ಅಂದೆ.

ಆಕಿ ಬಗ್ಗಿ ನನ್ನ ಬಾಜೂ ಬಿದ್ದಿದ್ದ ಗಂಟು ತಗೊಂಡ್ಳು. ಸೆರಗ ಟೊಂಕಕ್ಕ ಕಟ್ಟಿದ್ಳು. ಗಂಟು ತಲಿ ಮ್ಯಾಲೆ ಇಟಗೊಂಡು ಕಂಬಿ ಹಿಂದ ಹೋಗಿ ನಿಂತ್ಳು. ಅಜ್ಜ ಗಾಬರಿ ಆದ. ‘ಅಣ್ಣನ ಒಯ್ಯಬೇಕು ಅಂತಿದ್ರಲ್ಲ ಯವ್ವಾ?’

‘ಅಣ್ಣನ ದಾರಿ ನೋಡಿದ್ರ ನನ್ನ ಮಗಳು ಮುದಕಿ ಆಗತಾಳ. ನಡೀರಿ’ ಅಂದ್ಳು.

ನಾ ಬಿದ್ದಲ್ಲಿಂದ ಒದರಿದೆ. ‘ಅವ್ವಾ, ಕಾಲಾಗ ಚಪ್ಪಲಿ ಇಲ್ಲ, ರೂಢಿ ಇಲ್ಲ, ಮುಹೂರ್ತ ಸುದ್ದಾ ಕೇಳಿಲ್ಲ, ಹೆಂಗ ಹೋಗ್ತಿ? ಅಣ್ಣ ಯಾಕ ಬರಲಿಲ್ಲ ಅಂತ ಆಕಿ ಕೇಳಿದ್ರ ಏನ ಹೇಳ್ತಿ?’

ಅವ್ವ ಹೊಳ್ಳಿ ನೋಡಲಿಲ್ಲ. ‘ಏನ ಹೇಳಲಿ? ಅಣ್ಣ ಇನ್ನೂ ತಯಾರಿ ಮಾಡಾಕತ್ತಾನ ಅಂತೇನಿ.’